ಅಕ್ಕರೆಗೊಂದು ಶಿಕ್ಷಣ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಕನ್ನಡಿಗರು ಮಕ್ಕಳ ಮಾತು ಬಂದಾಗಲೆಲ್ಲ ನೆನೆಯುತ್ತಾರೆ. ಎಳೆಯ ವಯಸ್ಸಿನ ಮಹತ್ವವನ್ನು ಅದು ಒಪ್ಪುತ್ತದೆ, ನಿಜ. ಆದರೆ ಗಿಡಕ್ಕೆ ಮಾಡಬೇಕಾದ ಕೆಲಸವೆಂದರೆ ಅದನ್ನು ಬಗ್ಗಿಸುವುದು ಎಂದೂ ಅದು ಭಾವಿಸುತ್ತದೆ. ಇದರ ಪಕ್ಕದಲ್ಲಿಯೇ ತಾಯಿಯೇ ಮೊದಲ ಗುರು ಎಂಬ ಇನ್ನೊಂದು ಮಾತಿದೆ. ಒಂದು ಮಾತಿನಲ್ಲಿ ಮಾಸ್ತರನ ಬೆತ್ತವಿದೆ, ಇನ್ನೊಂದರಲ್ಲಿ ತಾಯಿಯ ಮಡಿಲಿದೆ. ಇವೆರಡರ ನಡುವೆ ನಿಂತು, ಪರರ ಮಕ್ಕಳನ್ನು ಮೂರರಿಂದ ಆರನೆಯ ವಯಸ್ಸಿನವರೆಗೆ ಬೆಳೆಸುವುದನ್ನೇ ವೃತ್ತಿಯಾಗಿ ಕೈಗೊಂಡವಳಿಗೆ ಮಾತ್ರ ಗಾದೆಗಳಲ್ಲಿ ಸ್ಥಳ ದೊರೆತಂತಿಲ್ಲ. ಆಕೆಯ ಕೆಲಸಕ್ಕೆ ವಿದ್ಯೆ ಬೇಕು, ಅಭ್ಯಾಸ ಬೇಕು ಎಂಬ ಅರಿವು ಈ ದೇಶದಲ್ಲಿ ತಡವಾಗಿ ಮೂಡಿತು. ಆ ಅರಿವಿನ ಚರಿತ್ರೆಯಲ್ಲಿ ಪುಣೆ ನಗರಕ್ಕೆ ವಿಶೇಷ ಸ್ಥಾನವಿದೆ. ಕನ್ನಡ ನೆಲದಲ್ಲಿ ಹುಟ್ಟಿದ ಒಬ್ಬ ಮಹಿಳೆಗೂ ಇದೆ.

ಭಿಡೆ ವಾಡೆಯಲ್ಲಿ 1848ರಲ್ಲಿ ಜೋತಿರಾವ್ ಫುಲೆ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದ ಸಂಗತಿ ಎಲ್ಲರಿಗೂ ತಿಳಿದದ್ದು. ಪುಣೆಯ ವಿಶ್ವವಿದ್ಯಾಲಯ 2014ರಿಂದ ಆ ಶಿಕ್ಷಕಿಯ ಹೆಸರನ್ನೇ ಧರಿಸಿದೆ. ಸಾವಿತ್ರಿಬಾಯಿ ಕಲಿಸಲು ಹೊರಟದ್ದಷ್ಟೇ ಅಲ್ಲ, ಕಲಿಸುವ ವಿದ್ಯೆಯನ್ನು ತಾವೂ ಕಲಿತರೆಂಬುದು ಅಷ್ಟಾಗಿ ಸ್ಮರಣೆಗೆ ಬರುವುದಿಲ್ಲ. ಅವರ ನಂತರದ ತಲೆಮಾರಿನಲ್ಲಿ ಈ ವಿಚಾರವನ್ನು ಸರ್ಕಾರದ ಮುಂದೆಯೇ ಸ್ಪಷ್ಟವಾಗಿ ಇಟ್ಟವರು ಪಂಡಿತಾ ರಮಾಬಾಯಿ.

ರಮಾಬಾಯಿ 1858ರಲ್ಲಿ ಹುಟ್ಟಿದ್ದು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಬೇಕೆಂಬ ಹಟ ತೊಟ್ಟು, ಅದಕ್ಕಾಗಿ ಸ್ವಜನರ ವಿರೋಧವನ್ನು ಕಟ್ಟಿಕೊಂಡವರು. ಆ ತಾಯಿ ಲಕ್ಷ್ಮೀಬಾಯಿ ಮನೆಗೆಲಸ ಆರಂಭವಾಗುವ ಮೊದಲು, ಬೆಳಗಿನ ಜಾವದಲ್ಲಿ, ಮಗಳನ್ನು ಎಬ್ಬಿಸಿ ಪಾಠ ಹೇಳುತ್ತಿದ್ದರು. ತಾಯಿಯೇ ಮೊದಲ ಗುರು ಎಂಬ ಮಾತಿಗೆ ಇದಕ್ಕಿಂತ ಪೂರ್ಣವಾದ ನಿದರ್ಶನ ದೊರೆಯುವುದು ಕಷ್ಟ. ಹೀಗೆ ಬೆಳೆದ ಮಗಳು ತಾಯಿಯ ಹೃದಯವೊಂದಿದ್ದರೆ ಸಾಕು ಎಂಬ ತೀರ್ಮಾನಕ್ಕೆ ಬರಬಹುದಿತ್ತು. ಆಕೆ ಬರಲಿಲ್ಲ. ತನ್ನ ತಾಯಿ ಕಲಿಸಬಲ್ಲವಳಾದದ್ದು ಆಕೆಗೆ ಮೊದಲು ಯಾರೋ ಕಲಿಸಿದ್ದರಿಂದ ಎಂಬುದು ಆ ಮಗಳ ಮನಸ್ಸಿನಲ್ಲಿ ಉಳಿದಿರಬೇಕು.

ಕ್ಷಾಮದಲ್ಲಿ ತಂದೆತಾಯಿಯನ್ನು, ಅನಂತರ ಅಣ್ಣನನ್ನು, 1882ರಲ್ಲಿ ಗಂಡನನ್ನು ಕಳೆದುಕೊಂಡು, ಎಳೆಯ ಮಗಳು ಮನೋರಮೆಯೊಂದಿಗೆ ರಮಾಬಾಯಿ ಪುಣೆಗೆ ಬಂದರು. ಅದೇ ವರ್ಷ ಹಂಟರ್ ಅಧ್ಯಕ್ಷತೆಯ ಶಿಕ್ಷಣ ಆಯೋಗ ಆ ನಗರಕ್ಕೆ ಬಂದಿತು. ಅದರ ಮುಂದೆ ಮರಾಠಿಯಲ್ಲಿ ನೀಡಿದ ಸಾಕ್ಷ್ಯದಲ್ಲಿ ರಮಾಬಾಯಿ ಹೇಳಿದ್ದು ಇಂದಿಗೂ ಗಮನಾರ್ಹವಾಗಿದೆ. ಬೋಧಿಸಲಿರುವ ಸ್ತ್ರೀಯರಿಗೆ ಆ ಕೆಲಸಕ್ಕೆಂದೇ ಪ್ರತ್ಯೇಕವಾದ ತರಬೇತಿ ಇರಬೇಕು. ಅವರಿಗೆ ಮೊದಲು ತಮ್ಮ ಭಾಷೆ ಶುದ್ಧವಾಗಿ ಬರಬೇಕು. ಕಲಿಯುವ ಕಾಲದಲ್ಲಿ ಒಳ್ಳೆಯ ವಿದ್ಯಾರ್ಥಿವೇತನ ದೊರೆಯಬೇಕು. ಹುಡುಗಿಯರ ಶಿಕ್ಷಕಿಯರಿಗೆ ಹುಡುಗರ ಶಿಕ್ಷಕರಿಗಿಂತ ಹೆಚ್ಚಿನ ಸಂಬಳವಿರಬೇಕು. ತರಬೇತಿ, ಭಾಷೆ, ವೇತನ ಎಂಬ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ಇಪ್ಪತ್ತನಾಲ್ಕು ವರ್ಷದ ಒಬ್ಬ ವಿಧವೆ. ಇವುಗಳಲ್ಲಿ ಒಂದನ್ನು ಬಿಟ್ಟರೂ ಉಳಿದೆರಡು ನಿಲ್ಲುವುದಿಲ್ಲವೆಂಬುದನ್ನು ಮುಂದಿನ ಚರಿತ್ರೆ ತೋರಿಸಿಕೊಟ್ಟಿದೆ.

1883ರಲ್ಲಿ ಇಂಗ್ಲೆಂಡಿಗೂ 1886ರಲ್ಲಿ ಅಮೆರಿಕೆಗೂ ಹೋದ ರಮಾಬಾಯಿ ಫಿಲಡೆಲ್ಫಿಯಾದಲ್ಲಿ ಕಿಂಡರ್‌ಗಾರ್ಟನ್ ಶಿಕ್ಷಕಿಯರ ತರಬೇತಿಗೆ ಸೇರಿದರು. ಸಂಸ್ಕೃತ ಪಾಂಡಿತ್ಯಕ್ಕಾಗಿ ಕಲ್ಕತ್ತೆಯ ವಿದ್ವಾಂಸರಿಂದ ಸರಸ್ವತಿ ಎಂಬ ಬಿರುದು ಪಡೆದಿದ್ದವರು ಅಲ್ಲಿ ಉಣ್ಣೆಯ ಚೆಂಡು, ಮರದ ಗೋಲ, ಘನ, ಉರುಳೆಗಳನ್ನು ಹಿಡಿದು ಕುಳಿತರು. ಇವು ಜರ್ಮನಿಯ ಫ್ರೋಬೆಲ್ ಮಕ್ಕಳಿಗಾಗಿ ರೂಪಿಸಿದ ಆಟಿಕೆಗಳು. ಅವನು ಅವನ್ನು ಕಾಣಿಕೆಗಳೆಂದು ಕರೆದಿದ್ದನು. ಗೋಲ ಹೇಗಿಟ್ಟರೂ ಉರುಳುತ್ತದೆ, ಘನ ನಿಲ್ಲುತ್ತದೆ, ಉರುಳೆ ಎರಡನ್ನೂ ಮಾಡುತ್ತದೆ. ಇದನ್ನು ಮಗುವಿಗೆ ಬಾಯಿಂದ ಹೇಳಿಕೊಡಬೇಕಾಗಿಲ್ಲ, ಕೈಯೇ ಕಂಡುಕೊಳ್ಳುತ್ತದೆ. ಶಿಕ್ಷಕಿ ಕಲಿಯಬೇಕಾದದ್ದು ಯಾವಾಗ ಕೊಡಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು. ಫ್ರೋಬೆಲ್ ತಾಯಂದಿರ ಆಟ ಹಾಡುಗಳನ್ನು ಕುರಿತು 1844ರಲ್ಲಿ ಒಂದು ಪುಸ್ತಕವನ್ನೇ ಹೊರತಂದನು. ಅವನ ಶಾಸ್ತ್ರ ಅಕ್ಕರೆಗೆ ಎದುರಾಗಿ ನಿಂತದ್ದಲ್ಲ. ಅಕ್ಕರೆ ತಿಳಿಯದೆ ಮಾಡುವುದನ್ನು ತಿಳಿದು ಮಾಡುವಂತೆ ಅಣಿಗೊಳಿಸಿದ್ದು. ಅಂಥ ನಿರುಪದ್ರವಿ ಶಾಲೆಗಳನ್ನೂ ಪ್ರಷ್ಯದ ಸರ್ಕಾರ 1851ರಿಂದ 1860ರವರೆಗೆ ನಿಷೇಧಿಸಿತ್ತು.

1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಬಂದಿತು. ರಮಾಬಾಯಿ 1887ರಲ್ಲಿ ಪ್ರಕಟಿಸಿದ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿಯೇ, ಬಾಲವಿಧವೆಯರು ಶಿಕ್ಷಕಿಯರಾಗಿ, ದಾದಿಯರಾಗಿ ತಮ್ಮ ಕಾಲ ಮೇಲೆ ನಿಲ್ಲಬೇಕೆಂದು ಬಯಸಿದ್ದರು. ಮನೆಯ ಮೂಲೆಯಲ್ಲಿ ಅಪಶಕುನವೆನಿಸಿಕೊಂಡವಳ ಕೈಗೆ ಊರಿನ ಮಕ್ಕಳನ್ನು ಒಪ್ಪಿಸುವುದು ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ. ಅವರ ಕೆಲಸ ಕೊನೆಗೆ ಕನ್ನಡ ನಾಡಿಗೂ ತಿರುಗಿ ಬಂತು: 1910ರ ದಶಕದಲ್ಲಿ, ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗದಲ್ಲಿ ಅವರು ಹೆಣ್ಣುಮಕ್ಕಳ ಶಾಲೆಯನ್ನು ಆರಂಭಿಸಿದರು, ಮಗಳು ಮನೋರಮೆ ಅದರ ಹೊಣೆ ಹೊತ್ತರು.

ಇದೇ ದಾರಿಯನ್ನು ಹಳ್ಳಿಗೆ ಒಯ್ದವರು ಅನುತಾಯಿ ವಾಘ್. 1910ರಲ್ಲಿ ಪುಣೆ ಜಿಲ್ಲೆಯ ಮೋರ್‌ಗಾಂವದಲ್ಲಿ ಹುಟ್ಟಿ, ಹದಿಮೂರರ ಆಸುಪಾಸಿನಲ್ಲಿ ವಿಧವೆಯಾಗಿ, ಪುಣೆಯ ಮಹಿಳಾ ಟ್ರೈನಿಂಗ್ ಕಾಲೇಜಿನಲ್ಲಿ ಓದಿ, ಹುಜೂರ್‌ಪಾಗಾ ಶಾಲೆಯಲ್ಲಿ ವರ್ಷಗಟ್ಟಲೆ ಪಾಠ ಹೇಳಿದವರು. 1945ರಲ್ಲಿ ತಾರಾಬಾಯಿ ಮೋಡಕ್ ಜೊತೆಗೂಡಿ ಬೋರ್ಡಿಯ ಗ್ರಾಮೀಣ ಶಿಶುಶಿಕ್ಷಣ ಕೇಂದ್ರಕ್ಕೆ ಹೋದರು. ಮುಂದೆ ವಾರ್ಲಿ ಜನರ ನಡುವೆ ಕೋಸಬಾಡದ ಗುಡ್ಡದ ಮೇಲೆ ನೆಲೆಸಿದರು. ಮಾಂಟೆಸ್ಸರಿ ಪದ್ಧತಿಯ ಬೆಲೆಬಾಳುವ ಉಪಕರಣಗಳ ಬದಲು ಕಲ್ಲು, ಚಿಪ್ಪು, ಎಲೆ, ಬೀಜ ಬಂದವು. ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯೇ ಅವರ ಅಂಗಳಕ್ಕೆ ಹೋಯಿತು; ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿಗೂ ಹೋಯಿತು. ಉಪಕರಣ ಅಗ್ಗವಾದಷ್ಟೂ ಶಿಕ್ಷಕಿಯ ಸಿದ್ಧತೆ ಹೆಚ್ಚಬೇಕಾಗುತ್ತದೆಂಬುದನ್ನು ಬಲ್ಲ ತಾರಾಬಾಯಿ ಮತ್ತು ಅನುತಾಯಿ ಶಿಕ್ಷಕಿಯರ ತರಬೇತಿಯನ್ನು ಎಂದೂ ಕೈಬಿಡಲಿಲ್ಲ. ಹುಣಿಸೆಯ ಬೀಜದಿಂದ ಎಣಿಕೆಯನ್ನು ಹೊರಡಿಸಬೇಕಾದರೆ ಎಣಿಕೆ ಮಗುವಿನ ಮನಸ್ಸಿನಲ್ಲಿ ಹೇಗೆ ಹುಟ್ಟುತ್ತದೆಂಬುದು ತಿಳಿದಿರಬೇಕು. ತಿಳಿಯದವರ ಕೈಯಲ್ಲಿ ಹುಣಿಸೆಯ ಬೀಜ ಹುಣಿಸೆಯ ಬೀಜವಾಗಿಯೇ ಉಳಿಯುತ್ತದೆ.

ಕನ್ನಡಿಗರು ದಿನವೂ ಬಳಸುವ ಅಂಗನವಾಡಿ ಎಂಬ ಮಾತಿನಲ್ಲಿ ಆ ಅಂಗಳ ಇಂದಿಗೂ ಇದೆ. 1975ರ ಅಕ್ಟೋಬರ್ 2ರಂದು ದೇಶದ 33 ವಲಯಗಳಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯೊಡನೆ ಆ ಮಾತು ಊರೂರಿಗೂ ಹೋಯಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಆದರೆ ಮಾತಿನೊಂದಿಗೆ ಅದರ ಹಿಂದಿನ ವಿಚಾರವೆಲ್ಲವೂ ಬರಲಿಲ್ಲ. ಕಾರ್ಯಕರ್ತೆಗೆ ಸಂಬಳದ ಬದಲು ಗೌರವಧನ ಗೊತ್ತಾಯಿತು. ಆಹಾರ, ತೂಕ, ಲಸಿಕೆ, ದಾಖಲೆಪುಸ್ತಕಗಳ ನಡುವೆ ಆಟಪಾಠಕ್ಕೆ ಉಳಿದ ವೇಳೆ ಕಿರಿದಾಯಿತು. ಕರ್ನಾಟಕದಿಂದ ಹೋದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಅವರದು ಸರ್ಕಾರಿ ಹುದ್ದೆಯಲ್ಲವೆಂದು ಹೇಳಿತು. ಗುಜರಾತಿನ ಮೊಕದ್ದಮೆಯಲ್ಲಿ 2022ರಲ್ಲಿ ಅವರಿಗೆ ಉಪದಾನದ ಹಕ್ಕುಂಟೆಂದು ಒಪ್ಪಿತು. ಶಿಕ್ಷಕಿಯ ವೇತನದ ಬಗೆಗೆ ರಮಾಬಾಯಿ ಆಯೋಗದ ಮುಂದೆ ಆಡಿದ ಮಾತಿಗೂ ಈ ಎರಡನೆಯ ತೀರ್ಪಿಗೂ ನಡುವೆ 140 ವರ್ಷಗಳ ಅಂತರವಿದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಆರು ವರ್ಷದ ಮಕ್ಕಳನ್ನು ಶಿಕ್ಷಣದ ಮೊದಲ ಘಟ್ಟದೊಳಗೆ ತಂದಿತು. ಹನ್ನೆರಡನೆಯ ತರಗತಿ ಮುಗಿಸಿದ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್, ಅಷ್ಟು ಓದಿಲ್ಲದವರಿಗೆ ಒಂದು ವರ್ಷದ ಡಿಪ್ಲೊಮಾ ಎಂದು ಗೊತ್ತುಮಾಡಿ, ಅದನ್ನು ದೂರದರ್ಶನ ವಾಹಿನಿ, ಮೊಬೈಲ್‌ಗಳ ಮೂಲಕವೂ ಕೊಡಬಹುದೆಂದಿತು. ಲಕ್ಷಾಂತರ ಮಂದಿಯನ್ನು ತಲುಪಲು ಬೇರೆ ದಾರಿ ಸುಲಭವಲ್ಲವೆಂಬುದು ದಿಟ. ಆದರೆ ಈ ವೃತ್ತಿಯ ಮುಖ್ಯ ವಿದ್ಯೆ ನೋಡುವುದು. ಮಗುವೊಂದು ಮಣೆಯ ಮೇಲೆ ಮಣೆಯಿಟ್ಟು ಬೀಳಿಸಿ ಮತ್ತೆ ಇಡುತ್ತಿರುವಾಗ ಅದು ತುಂಟತನವೋ ಪ್ರಯೋಗವೋ ಎಂದು ಗುರುತಿಸುವುದು, ಗುರುತಿಸಿ ಕೈ ತಡೆಯುವುದು, ಅನುಭವಿಯೊಬ್ಬಳ ಪಕ್ಕದಲ್ಲಿ ಕುಳಿತು ಕಲಿಯುವ ಸಂಗತಿ. ಇದನ್ನು ಬಲ್ಲ ಶಿಕ್ಷಕಿ ನೋಡುವವರ ಕಣ್ಣಿಗೆ ಏನೂ ಮಾಡದೆ ಕುಳಿತಂತೆ ಕಾಣುತ್ತಾಳೆ. ಗುಣಮಟ್ಟವನ್ನು ಗೋಡೆಯ ಬಣ್ಣದಲ್ಲಿ, ಸಮವಸ್ತ್ರದಲ್ಲಿ, ಮೂರನೆಯ ವಯಸ್ಸಿಗೇ ತಿದ್ದಿದ ಇಂಗ್ಲಿಷ್ ಅಕ್ಷರಗಳಲ್ಲಿ ಅಳೆಯುವ ತಂದೆತಾಯಿಗಳಿಗೂ ಅಧಿಕಾರಿಗಳಿಗೂ ಅವಳ ಈ ಸುಮ್ಮನಿರುವಿಕೆ ಕಾಣುವುದಿಲ್ಲ.

ಇಂದಿನ ಪುಣೆಯಲ್ಲಿ ಈ ಪ್ರಶ್ನೆ ಕನ್ನಡಕ್ಕೂ ಸೇರಿದ್ದು. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡಗೆಲಸಕ್ಕೆಂದು ಅಲ್ಲಿಗೆ ಹೋಗುವ ಕುಟುಂಬಗಳು ಅನೇಕ. ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವಲ್ಲಿ ಶಿಶುಗೃಹ ಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯಿದೆ ವಿಧಿಸಿತು. ಅದಕ್ಕೂ ಮೊದಲೇ, 1969ರಲ್ಲಿ ಮೀರಾ ಮಹಾದೇವನ್ ದೆಹಲಿಯಲ್ಲಿ ತೊಡಗಿಸಿದ ಮೊಬೈಲ್ ಕ್ರೆಶಸ್ ಸಂಸ್ಥೆಯ ಕೆಲಸ ಪುಣೆಗೂ ಹಬ್ಬಿತ್ತು. 2007ರಿಂದ ಅದು ಅಲ್ಲಿ ತಾರಾ ಮೊಬೈಲ್ ಕ್ರೆಶಸ್ ಎಂಬ ಪ್ರತ್ಯೇಕ ಸಂಸ್ಥೆಯಾಗಿ ನಡೆದಿದೆ. ಸಿಮೆಂಟಿನ ಧೂಳಿನ ನಡುವಣ ಇಂಥ ಕೋಣೆಗಳಲ್ಲಿ ಹಲವು ಭಾಷೆಗಳ ಮಕ್ಕಳು ಒಟ್ಟಿಗೆ ಕೂಡುತ್ತಾರೆ.

ಅಲ್ಲಿ ಅಳುವ ಮಗುವನ್ನು ಸಂತೈಸುತ್ತ ಮರಾಠಿ ಶಿಕ್ಷಕಿ, ಸಂಜೆಗೆ ಆಯಿ ಬರುತ್ತಾಳೆ ಎನ್ನಬಹುದು. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ವಿಜಯಪುರ, ಕಲಬುರಗಿ ಸೀಮೆಯ ಎಷ್ಟೋ ಮನೆಗಳಲ್ಲಿ ಆಯಿ ಎಂದರೆ ಅಜ್ಜಿ, ತಾಯಿ ಅವ್ವ. ಊರಲ್ಲಿ ಬಿಟ್ಟುಬಂದ ಮುದುಕಿಯನ್ನು ಆ ಮಗು ಸಂಜೆಯವರೆಗೆ ಕಾದೀತು. ಅವ್ವನೇ ಬಂದು ಎತ್ತಿಕೊಂಡರೂ ಬಾಗಿಲತ್ತ ನೋಡೀತು. ಶಿಕ್ಷಕಿಯ ಅಕ್ಕರೆಯಲ್ಲಿ ಕೊರತೆಯೇನೂ ಇರಲಾರದು. ಇಂಥ ಮಗುವಿನ ಮಾತನ್ನು ಮೊದಲು ಕೇಳಿಸಿಕೊಂಡು, ಅದರ ಮನೆಯಲ್ಲಿ ಯಾರನ್ನು ಏನೆಂದು ಕರೆಯುತ್ತಾರೆಂದು ತಿಳಿದುಕೊಂಡು ಉತ್ತರ ಹೇಳಬೇಕೆಂದು ಆಕೆಗೆ ಯಾರಾದರೂ ಕಲಿಸಿರಬೇಕು, ಅಷ್ಟೆ. ಗಂಗಾಮೂಲದ ಹುಡುಗಿಗೆ ಅವಳ ತಾಯಿ ಕಲಿಸಬಲ್ಲವಳಾದದ್ದೂ ಹೀಗೆ, ಕಲಿತ ಮೇಲೆಯೇ.