ಅರವತ್ತಾರರ ಗುಂಟ

ಕರಾವಳಿಯಿಂದ ಬಂದು ಕೇರಳದಲ್ಲಿ ನೆಲೆ ನಿಂತ ನಮ್ಮಂಥವರಿಗೆ ಒಂದು ಅನುಕೂಲ ಇದೆ. ಊರಿಗೆ ಹೋಗಬೇಕು ಅಂದ್ರೆ ದಾರಿ ಕೇಳಬೇಕಾಗಿಲ್ಲ. ಮರವಂತೆಯ ಹತ್ತಿರ ನಮ್ಮ ಮನೆ ಎದುರು ಹೋಗುವ ರಸ್ತೆಯೇ ಇಲ್ಲಿ ಎಡಪಳ್ಳಿಯಲ್ಲೂ ಹಾದು ಹೋಗುತ್ತದೆ. ಮೊದಲು ಅದಕ್ಕೆ ಹದಿನೇಳು ಅಂತ ನಂಬರು. ಪನ್ವೇಲಿನಲ್ಲಿ ಶುರುವಾಗಿ ಎಡಪಳ್ಳಿಗೆ ಬಂದು ಮುಗಿಯುತ್ತಿತ್ತು, ಅಲ್ಲಿಂದ ಮುಂದೆ ಕನ್ಯಾಕುಮಾರಿಗೆ ನಲವತ್ತೇಳು. 2010ರಲ್ಲಿ ಹೆದ್ದಾರಿಗಳ ನಂಬರು ಬದಲಾದಾಗ ಎರಡನ್ನೂ ಸೇರಿಸಿ 66 ಮಾಡಿದರು. ನಮ್ಮ ಬ್ಯಾಂಕಿನ ಹೆಸರೂ ಹಾಗೆಯೇ 2020ರ ಏಪ್ರಿಲ್ ಒಂದರಂದು ಇನ್ನೊಂದರೊಳಗೆ ಸೇರಿ ಹೋಯಿತು. ರಸ್ತೆ ಅದೇ, ಕೌಂಟರೂ ಅದೇ, ಬೋರ್ಡು ಮಾತ್ರ ಬೇರೆ. ಇರಲಿ ಬಿಡಿ, ಬ್ಯಾಂಕಿನ ವಿಷಯ ತೆಗೆದರೆ ನನಗೆ ನಿಲ್ಲಿಸಲಿಕ್ಕೆ ಬರುವುದಿಲ್ಲ.

ಮಗಳಿಗೆ ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ ಕೆಲಸ ಸಿಕ್ಕಿತ್ತು. ಜನವರಿ ಮೊದಲ ವಾರ ಸೇರಬೇಕು. ಮಿಕ್ಸಿ, ಕುಕ್ಕರು, ಹಾಸಿಗೆ, ಎರಡು ಸೂಟ್‌ಕೇಸು ಎಲ್ಲ ಕಾರಿಗೆ ತುಂಬಿ 2024ರ ಡಿಸೆಂಬರ್ 28ಕ್ಕೆ ಹೊರಟೆವು. ನಾಲ್ಕನೇ ಶನಿವಾರ, ಬ್ಯಾಂಕಿಗೆ ರಜೆ. ರೈಲಿನಲ್ಲಾದರೆ ನಾಲ್ಕು ಗಂಟೆಯ ದಾರಿ. ಆದರೆ ಎಂಬತ್ತೆರಡರ ಅಮ್ಮ, "ನಾನೂ ಬತ್ತೆ, ಸಮುದ್ರ ಕಾಂತಾ ಹೋಪ" ಅಂದರು. ಅಪ್ಪ ತೀರಿಕೊಂಡ ಮೇಲೆ ಆರು ವರ್ಷದಿಂದ ನಮ್ಮ ಎಂಟನೇ ಮಹಡಿಯಲ್ಲಿ ಇದ್ದಾರೆ. ಸಮುದ್ರ ಅಂದ್ರೆ ಕಿಟಕಿಯಲ್ಲಿ ದೂರಕ್ಕೆ ಒಂದು ಬೂದುಬಣ್ಣದ ಗೆರೆ, ಅದೂ ಮೋಡ ಇಲ್ಲದಿದ್ದರೆ.

ಅರೂರಿನಿಂದ ತುರವೂರಿನವರೆಗೆ ಹೆದ್ದಾರಿಯ ಮೇಲೆ ಮೇಲ್ಸೇತುವೆ ಕಟ್ಟುವ ಕೆಲಸ ನಡೆಯುತ್ತಿತ್ತು. ಆ ಹನ್ನೆರಡು ಚಿಲ್ಲರೆ ಕಿಲೋಮೀಟರು ದಾಟುವಷ್ಟರಲ್ಲಿ ಮನುಷ್ಯನಿಗೆ ವೈರಾಗ್ಯ ಬರುತ್ತದೆ ಅಂತ ನಮ್ಮ ಕಚೇರಿಯಲ್ಲಿ ತಮಾಷೆ. ಹಾಗಾಗಿ ತೋಪ್ಪುಂಪಡಿಯಲ್ಲೇ ಬಲಕ್ಕೆ ಹಿಡಿದು ಚೆಲ್ಲಾನಂ ಮೇಲೆ ಕರಾವಳಿ ದಾರಿಯಲ್ಲಿ ಹೋಗುವುದು ಅಂತ ತೀರ್ಮಾನ ಮಾಡಿದೆ. ನನ್ನವಳು "ಇವ್ರೇ, ಅತ್ತೆಗೆ ಆಯಾಸ ಆಗ್ತದೆ" ಅಂದಳು. ಅತ್ತೆ ಆಗಲೇ ಮುಂದಿನ ಸೀಟಿನಲ್ಲಿ ಕುಳಿತಾಗಿತ್ತು.

ಇನ್ನೊಂದು ವಿಷಯವೂ ಕಾರಿನಲ್ಲಿ ನಮ್ಮ ಜೊತೆ ಬರುತ್ತಿತ್ತು. ಊರಿನ ಮನೆ. ಹೆದ್ದಾರಿ ಅಗಲ ಮಾಡುವಾಗ ಅಂಗಳದ ಒಂದು ಭಾಗ, ಆರು ತೆಂಗಿನ ಮರ ಹೋಗಿದ್ದವು. ಉಳಿದದ್ದಕ್ಕೆ ಈಗ ಒಬ್ಬರು ಗಿರಾಕಿ ಬಂದಿದ್ದಾರೆ, ಲಾಡ್ಜು ಕಟ್ಟುತ್ತಾರಂತೆ, ಒಳ್ಳೆ ರೇಟು ಅಂತ ಬೆಂಗಳೂರಿನ ತಮ್ಮ ವಾರಕ್ಕೆ ಎರಡು ಸಲ ಫೋನು. ನನಗೆ ಮಾರುವ ಮನಸ್ಸಿಲ್ಲ. ಅರವತ್ತಕ್ಕೆ ನಿವೃತ್ತಿ, ಆಮೇಲೆ ಅಲ್ಲಿ ಹೋಗಿ ಜಗಲಿಯಲ್ಲಿ ಕುಳಿತು ಪೇಪರು ಓದುವುದು ಅಂತ ಇಪ್ಪತ್ತಾರು ವರ್ಷದಿಂದ ಲೆಕ್ಕ ಹಾಕಿದವನು ನಾನು. ಅಮ್ಮನ ಸಹಿ ಬೇಕು. ಅವರ ಹತ್ತಿರ ಮಾತೆತ್ತಲಿಕ್ಕೆ ತಮ್ಮನಿಗೂ ಧೈರ್ಯ ಇಲ್ಲ, ನನಗೂ ಇಲ್ಲ.

ಚೆಲ್ಲಾನಂ ಹೆಸರು ನೀವು ಟೀವಿಯಲ್ಲಿ ಕೇಳಿರುತ್ತೀರಿ. ಪ್ರತಿ ಮಳೆಗಾಲ ಮನೆಯೊಳಗೆ ಸಮುದ್ರ ನುಗ್ಗುವ ಊರು. 2017ರ ಓಖಿಯಲ್ಲೂ 2021ರ ತೌಕ್ತೆಯಲ್ಲೂ ಜನ ಒದ್ದಾಡಿದರು. ಈಗ ಏಳು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಟೆಟ್ರಾಪಾಡಿನ ತಡೆಗೋಡೆ ಹಾಕಿದ್ದಾರೆ. ನಾಲ್ಕು ಕಾಲಿನ ಕಾಂಕ್ರೀಟು ಗಟ್ಟಿಗಳು, ಒಂದಕ್ಕೊಂದು ತೊಡರಿಕೊಂಡು ಬಿದ್ದಿರುತ್ತವೆ. ಅಲೆ ಬಂದು ಹೊಡೆದರೆ ಸಂದಿಯಲ್ಲಿ ನುಗ್ಗಿ ಒಡೆದು ಸೊಕ್ಕು ಇಳಿದು ಹೋಗುತ್ತದೆ. ಬರೀ ಗೋಡೆಯಾದರೆ ಹೊಡೆತ ಪೂರ್ತಿ ತಿಂದು ಬುಡ ಕಳಚುತ್ತದೆ. ಮರವಂತೆಯ ಕಲ್ಲಿನ ತಡೆಗೋಡೆ ನೋಡಿ ಬೆಳೆದವನಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಗೋಡೆ ಮೇಲೆ ಸಂಜೆ ಹೊತ್ತು ಜನ ವಾಕಿಂಗು ಮಾಡುವುದೂ ಆಗಿದೆ!

ಅರ್ತುಂಗಲ್ ಇಗರ್ಜಿಯಲ್ಲಿ ಹತ್ತು ನಿಮಿಷ. ಶಬರಿಮಲೆಯಿಂದ ವಾಪಸು ಬರುವ ಅಯ್ಯಪ್ಪಂದಿರು ಇಲ್ಲಿ ಬಂದು ಮಾಲೆ ತೆಗೆಯುವ ಪದ್ಧತಿ ಇದೆ. ಕಪ್ಪು ಪಂಚೆಯವರ ಸಾಲು ಸೆಬಾಸ್ಟಿಯನ್ನನ ಎದುರು ಕೈ ಮುಗಿಯುತ್ತಿತ್ತು. ಅಮ್ಮನೂ ಮುಗಿದರು.

ಆಲಪ್ಪುಳದ ಬೈಪಾಸ್ ಬಗ್ಗೆ ಹೇಳಲೇಬೇಕು. ನಾನು ಕೇರಳಕ್ಕೆ ಬಂದ 1998ರಲ್ಲಿ, ಅದು ಆಗಲಿದೆ, ಆಗಲಿದೆ ಅನ್ನುತ್ತಿದ್ದರು. 2021ರ ಜನವರಿಯಲ್ಲಿ ಆಯಿತು. ಅದರ ಅರ್ಧದಷ್ಟು ಸಮುದ್ರದ ಮಗ್ಗುಲಲ್ಲೇ ಮೇಲ್ಸೇತುವೆ. ಬಲಗಡೆ ಕೆಳಗೆ ಬೀಚು, 1862ರ ಹಳೇ ಕಡಲ ಸೇತುವೆಯ ತುಕ್ಕು ಹಿಡಿದ ಕಂಬಗಳು, ಎಡಗಡೆ ದೀಪಸ್ತಂಭದ ತಲೆ. ಒಂದು ಕಾಲಕ್ಕೆ ತಿರುವಾಂಕೂರಿನ ಹುರಿಹಗ್ಗ, ಕರಿಮೆಣಸು ಎಲ್ಲ ಇಲ್ಲಿಂದಲೇ ಹಡಗು ಹತ್ತಿದ್ದು. ಮೂರು ನಿಮಿಷದಲ್ಲಿ ಮುಗಿದು ಹೋಗುತ್ತದೆ. "ಇನ್ನೊಂದ್ ಸಲ ಹೋಪನಾ?" ಅಂತ ಅಮ್ಮ ಕೇಳಿದರು. ಮಗಳು ನಕ್ಕಳು, ನಾನು ಮಾತ್ರ ಪೆಟ್ರೋಲ್ ಮುಳ್ಳು ನೋಡಿದೆ.

ರೇಡಿಯೋದಲ್ಲಿ ಅವತ್ತು ಎರಡೇ ಸುದ್ದಿ. ಮೂರು ದಿನದ ಹಿಂದೆ ಎಂ.ಟಿ. ವಾಸುದೇವನ್ ನಾಯರ್ ಹೋಗಿದ್ದರು, ಅವರ ಸಿನಿಮಾದ ಹಾಡುಗಳು. ಮಧ್ಯೆ ದೆಹಲಿಯಲ್ಲಿ ಮನಮೋಹನ ಸಿಂಗರ ಅಂತ್ಯಕ್ರಿಯೆಯ ವರದಿ. ಅವರು ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದಾಗ ನಾನು ಹೈಸ್ಕೂಲು, ನೋಟಿನ ಮೇಲೆ ಅವರ ಸಹಿ ನೋಡಿ ನಾನೂ ಹಾಗೇ ಸಹಿ ಹಾಕಲು ಕಲಿತಿದ್ದೆ. ನನ್ನವಳು ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡಿದಳು, ಕೇಳದೆಯೇ.

ಅಂಬಲಪ್ಪುಳದ ಪಾಲ್ಪಾಯಸ ಸಿಕ್ಕಲಿಲ್ಲ, ಹೊತ್ತು ಮೀರಿತ್ತು. ಪುರಕ್ಕಾಡಿನ ಹತ್ತಿರ ರಸ್ತೆ ಬದಿಯಲ್ಲಿ ಮೀನು ಹಾಕಿಕೊಂಡು ಕುಳಿತ ಹೆಂಗಸಿನ ಎದುರು ಅಮ್ಮ ಕಾರು ನಿಲ್ಲಿಸಿದರು. ಅಮ್ಮನಿಗೆ ಮಲಯಾಳ ಬರುವುದಿಲ್ಲ, ಆರು ವರ್ಷದಲ್ಲಿ ಕಲಿತದ್ದು "ಮತಿ" ಒಂದೇ, ಅದೂ ಊಟ ಬಡಿಸುವಾಗ ಸಾಕು ಅನ್ನಲಿಕ್ಕೆ. ಬುಟ್ಟಿ ತೋರಿಸಿ "ಬೈಗೆಯಾ?" ಅಂದರು. ಆಕೆ "ಚಾಳ" ಅಂದಳು. ಮಲಬಾರಿನಲ್ಲಿ ಮತ್ತಿ, ಇತ್ತ ತೆಂಕಣಕ್ಕೆ ಬಂದರೆ ಚಾಳ, ಮಂಗಳೂರಿನಲ್ಲಿ ಬೂತಾಯಿ, ಕುಂದಾಪುರದಲ್ಲಿ ಬೈಗೆ. ಅಮ್ಮ ಕಿವಿರು ಎತ್ತಿ ನೋಡಿ ತಲೆ ಆಡಿಸಿದರು, ಆಕೆ ಇನ್ನೊಂದು ಬುಟ್ಟಿ ಮುಂದೆ ತಳ್ಳಿದಳು. ಕಾಲು ಗಂಟೆ ಇಬ್ಬರೂ ಮಾತಾಡಿದರು, ಒಬ್ಬರು ಕುಂದಗನ್ನಡ, ಇನ್ನೊಬ್ಬರು ಮಲಯಾಳ. ನಾನು ಅನುವಾದ ಮಾಡಹೋದರೆ ಇಬ್ಬರಿಗೂ ಬೇಡ. ಮೀನು ಕೊಳ್ಳಲಿಲ್ಲ ಅನ್ನಿ, ಕಾರಿನಲ್ಲಿ ಇಟ್ಟುಕೊಂಡು ಎಲ್ಲಿಗೆ ಹೋಗುವುದು!

ಅದೇ ಊರಿನ ಕಡಲಲ್ಲಿ ಮಳೆಗಾಲಕ್ಕೆ 'ಚಾಕರ' ಬೀಳುತ್ತದೆ. ತಳದ ಮೆತ್ತನೆ ಕೆಸರು ಕದಡಿ ನೀರಿನಲ್ಲಿ ತುಂಬಿಕೊಂಡು ಅಲೆಗಳ ಶಕ್ತಿ ಹೀರುತ್ತದೆ. ಸುತ್ತ ಸಮುದ್ರ ಹುಚ್ಚೆದ್ದಿದ್ದರೂ ಆ ಒಂದು ಜಾಗ ಕೆರೆಯ ಹಾಗೆ. ಮೀನೂ ಅಲ್ಲೇ ಬಂದು ಸೇರುತ್ತದೆ, ದೋಣಿಯೂ ಅಲ್ಲೇ.

ತೋಟ್ಟಪ್ಪಳ್ಳಿಯ ಸ್ಪಿಲ್‌ವೇ ದಾಟಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದೆ. ಇಲ್ಲಿಂದ ತೃಕ್ಕುನ್ನಪ್ಪುಳ, ಆರಾಟ್ಟುಪುಳ, ವಲಿಯಳೀಕ್ಕಲ್. ಒಂದು ಕಡೆ ಕಡಲು, ಇನ್ನೊಂದು ಕಡೆ ಕಾಯಂಕುಳಂ ಹಿನ್ನೀರು, ನಡುವೆ ಲಂಗೋಟಿಯಷ್ಟು ಅಗಲದ ಭೂಮಿ. ಅಮ್ಮ ಎರಡೂ ಕಡೆ ನೋಡಿದರು, "ಇದ್ ಮರವಂತೆ ಅಲ್ದಾ?" ಅಂದರು. ನಿಜಕ್ಕೂ ಹಾಗೇ ಇತ್ತು. ಅಲ್ಲಿ ಸೌಪರ್ಣಿಕಾ, ಇಲ್ಲಿ ಕಾಯಲು. ಆದರೆ ಇಲ್ಲಿ ಆ ಪಟ್ಟಿಯ ಮೇಲೆ ಸಾಲು ಸಾಲು ಮನೆ. 2022ರಲ್ಲಿ ಕಮಾನಿನ ಸೇತುವೆ ಆಗುವವರೆಗೆ ಅಳಿವೆ ದಾಟಲಿಕ್ಕೆ ಕಡವು ದೋಣಿ ಕಾಯಬೇಕಿತ್ತು, ಇಲ್ಲವೇ ಹೆದ್ದಾರಿಗೆ ಹೋಗಿ ಸುತ್ತಿ ಬರಬೇಕಿತ್ತು. ಸೇತುವೆಯ ಮೇಲೆ ನಿಂತರೆ ನದಿ ಸಮುದ್ರ ಸೇರುವುದು ಕಾಲ ಕೆಳಗೇ ಕಾಣುತ್ತದೆ.

ಸೇತುವೆಯ ಆಚೆ ಆಲಪ್ಪಾಡ್ ಪಂಚಾಯಿತಿ. ಎರಡು ದಿನದ ಹಿಂದಷ್ಟೇ ಸುನಾಮಿಯ ಇಪ್ಪತ್ತನೇ ವರ್ಷ. ಅಳೀಕ್ಕಲಿನ ಸ್ಮಾರಕದ ಎದುರು ಹೂವು ಇನ್ನೂ ಪೂರ್ತಿ ಬಾಡಿರಲಿಲ್ಲ. ಈ ಒಂದೇ ಪಂಚಾಯಿತಿಯಲ್ಲಿ ನೂರಕ್ಕಿಂತ ಹೆಚ್ಚು ಜನ ಹೋದರು. ಆಗ ನಾನು ಕರುನಾಗಪ್ಪಳ್ಳಿ ಕಡೆಯ ಒಂದು ಶಾಖೆಯಲ್ಲಿದ್ದೆ. 2004ರ ಡಿಸೆಂಬರ್ 26 ಭಾನುವಾರ. ಸೋಮವಾರ ಬೆಳಿಗ್ಗೆ ಶಟರು ಎತ್ತುವಾಗಲೇ ಹೊರಗೆ ಜನ. ಒಬ್ಬಾಕೆ ಸೀರೆಯ ಮಡಿಕೆಯಿಂದ ಒದ್ದೆ ಪಾಸ್‌ಬುಕ್ಕು ತೆಗೆದಳು, ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಮರಳು ಕೂತಿತ್ತು. ದುಡ್ಡು ಬೇಡ, ಇದು ನನ್ನದೇ ಅಂತ ಹೇಳಿ ಸಾಕು ಅಂದಳು. ಲೆಡ್ಜರು ನೋಡಿ ಹೆಸರು ಓದಿದೆ, ಬಾಕಿ ಓದಿದೆ. ಸಾವಿರದ ಚಿಲ್ಲರೆ. ಆಕೆ ಅಲ್ಲೇ ಬೆಂಚಿನ ಮೇಲೆ ಕುಳಿತು ಅತ್ತಳು. ಆ ವಾರ ಎಷ್ಟು ಡೂಪ್ಲಿಕೇಟ್ ಪಾಸ್‌ಬುಕ್ಕು ಬರೆದೆವೋ ಲೆಕ್ಕ ಇಲ್ಲ. ಇದನ್ನು ಮನೆಯಲ್ಲಿ ಎಂದೂ ಹೇಳಿರಲಿಲ್ಲ. ಅವತ್ತು ಹೇಳಿದೆ. ಮಗಳು ಕೇಳುತ್ತಾ ಕಿವಿಯ ಇಯರ್‌ಫೋನು ತೆಗೆದಿಟ್ಟಳು.

(ಇದೇ ತೀರಕ್ಕೆ 2025ರ ಮೇ ತಿಂಗಳಲ್ಲಿ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿ ಅದರ ಕಂಟೇನರುಗಳು ತೇಲಿ ಬಂದವು. ಪ್ಲಾಸ್ಟಿಕ್ಕಿನ ಸಣ್ಣ ಕಾಳುಗಳು ತಿರುವನಂತಪುರದ ಬೀಚಿನವರೆಗೂ ಹೋದವು. ಟೀವಿಯಲ್ಲಿ ನೋಡುವಾಗ ಆ ತಡೆಗೋಡೆಯ ಗುರುತು ಸಿಕ್ಕಿತು.)

ಸ್ವಲ್ಪ ಮುಂದೆ ಛಾವಣಿ ಹೋಗಿ ಗೋಡೆ ಮಾತ್ರ ಉಳಿದ ಮನೆ ಒಂದು. ಅಡುಗೆ ಕೋಣೆ ಇದ್ದ ಕಡೆ ಈಗ ಕಲ್ಲಿನ ರಾಶಿ, ಅದರಾಚೆ ಸಮುದ್ರ. ಅಮ್ಮ ಇಳಿದು ನೋಡುತ್ತಾ ನಿಂತರು. ಬಾಗಿಲು ಇದ್ದ ಜಾಗದಲ್ಲಿ ಹೊಸ್ತಿಲು ಹಾಗೇ ಇತ್ತು.

"ಜನ ಇಲ್ದಿದ್ ಮನಿಗೂ ಇದ್ಕೂ ಎಂತ ವ್ಯತ್ಯಾಸ ಇತ್ತ್ ಮಗಾ?" ಅಂದರು.

ನಾನು ಸುಮ್ಮನಿದ್ದೆ.

"ತಮ್ಮ ಫೋನ್ ಮಾಡೂದ್ ನಂಗೆ ಕೇಂತಿಲ್ಯಾ? ಕಿವಿ ಸಮಾ ಇತ್ತ್ ನಂಗೆ. ಮಾರಿ ಬಿಡಿ. ಬಾವಿ ಬದಿ ಐದ್ ಸೆಂಟ್ಸ್ ಮಾತ್ರ ಇಟ್ಕಣಿ. ಅದನ್ನ್ ಈ ಹೆಣ್ಣಿನ್ ಹೆಸ್ರಿಗೆ ಬರ್ಸಿ."

ಸಮಾಧಾನ ಆಗಬೇಕಿತ್ತು, ನನಗೆ ಸಿಟ್ಟು ಬಂತು. "ಅಮ್ಮಾ, ನಾನು ರಿಟೈರಾಗಿ ಅಲ್ಲಿಗೆ ಹೋಗ್ಬೇಕು ಅಂತಿದ್ದೇನೆ" ಅಂದೆ. ಅಮ್ಮ ನನ್ನವಳ ಮುಖ ನೋಡಿದರು. ಆಕೆ ಸಮುದ್ರ ನೋಡಿದಳು. ಅಷ್ಟರಲ್ಲೇ ನನಗೆ ಉತ್ತರ ಗೊತ್ತಾಯಿತು. ಅವಳ ಶಾಲೆಯ ಕೆಲಸ, ಅವಳ ಗೆಳತಿಯರು, ಡಾಕ್ಟರು, ಓಣಂ, ಎಲ್ಲ ಎರ್ನಾಕುಳಂನಲ್ಲೇ. ಜಗಲಿಯ ಲೆಕ್ಕ ನಾನೊಬ್ಬನೇ ಹಾಕಿದ್ದು. ಮಗಳು ಮಾತ್ರ, "ಅಜ್ಜಿ, ಮಾರೋದು ಬೇಡ" ಅಂದಳು. "ನೀ ಎಷ್ಟ್ ಸಲ ಬಂದಿದ್ದೆ ಹೇಳ್ ಕಾಂಬ?" ಅಂತ ಅಮ್ಮ ಕೇಳಿದ್ದಕ್ಕೆ ಅವಳ ಹತ್ತಿರವೂ ಉತ್ತರ ಇರಲಿಲ್ಲ.

ಚವರದಲ್ಲಿ ಮರಳು ಕಪ್ಪು. ಇಲ್ಮನೈಟು, ಮೊನಜೈಟು. ತಿರುವಾಂಕೂರಿನಿಂದ ಹೋದ ಹುರಿಹಗ್ಗಕ್ಕೆ ಅಂಟಿದ ಮರಳಿನಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನತಜ್ಞ 1909ರಲ್ಲಿ ಮೊನಜೈಟು ಪತ್ತೆ ಮಾಡಿದನಂತೆ. ಈ ಮರಳು ತೆಗೆಯುವುದರಿಂದಲೇ ನಮ್ಮ ನೆಲ ಕರಗುತ್ತಿದೆ ಅಂತ ಆಲಪ್ಪಾಡಿನವರು 2018-19ರಲ್ಲಿ ದೊಡ್ಡ ಹೋರಾಟ ಮಾಡಿದ್ದರು. ಸಾಮಾನ್ಯ ದಿನವಾಗಿದ್ದರೆ ಇದನ್ನೆಲ್ಲ ಮಗಳಿಗೆ ವಿವರಿಸುತ್ತಿದ್ದೆ. ಅವತ್ತು ಕೊಲ್ಲಂವರೆಗೆ ಯಾರೂ ಮಾತಾಡಲಿಲ್ಲ. ತಂಗಶ್ಶೇರಿಯ ದೀಪಸ್ತಂಭ ದೂರದಿಂದ ನೋಡಿದ್ದು, ಊಟ ಮಾಡಿದ್ದು, ಅಷ್ಟೇ.

ವರ್ಕಲಕ್ಕೆ ಬರುವಾಗ ಬಿಸಿಲು ಇಳಿದಿತ್ತು. ಕೇರಳದ ತೀರ ಹೆಚ್ಚಿನ ಕಡೆ ಸಪಾಟು, ಇಲ್ಲಿ ಕೆಂಪು ಬಂಡೆ ನೇರ ಸಮುದ್ರಕ್ಕೆ ಇಳಿಯುತ್ತದೆ. ಭೂವಿಜ್ಞಾನದವರಿಗೆ ಇದು ಸಂರಕ್ಷಿತ ಸ್ಮಾರಕ. ಮೇಲಿನ ಪದರ ನಮ್ಮ ಮುರಕಲ್ಲೇ! ಬುಕಾನನ್ ಸಾಹೇಬ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟದ್ದೂ ಮಲಬಾರಿನ ಅಂಗಾಡಿಪ್ಪುರದ ಕಲ್ಲು ನೋಡಿ. ಅಮ್ಮ ಬಂಡೆಯ ಅಂಚಿನ ಕಲ್ಲು ಮುಟ್ಟಿ "ನಮ್ ಬಾವಿ ಕಟ್ಟಿದ್ ಕಲ್ಲ್" ಅಂದರು. ಕೆಳಗೆ ಪಾಪನಾಶದಲ್ಲಿ ಯಾರೋ ತಂದೆಗೆ ಬಲಿ ಹಾಕುತ್ತಿದ್ದರು, ಪಕ್ಕದಲ್ಲೇ ವಿದೇಶಿಯರು ಯೋಗ.

ಕಳಕ್ಕೂಟ್ಟಂ ತಲುಪಿದಾಗ ರಾತ್ರಿ ಎಂಟೂವರೆ. ಇನ್ನೂರು ಕಿಲೋಮೀಟರಿಗೆ ಹದಿಮೂರು ಗಂಟೆ. ಮರುದಿನ ಬೆಳಿಗ್ಗೆ ಪದ್ಮನಾಭನ ದರ್ಶನ ಮೂರು ಬಾಗಿಲಿನಲ್ಲಿ ಮಾಡಿಸಿದೆವು. ಅಲ್ಲಿ ಪೂಜೆಯ ನಂಬಿಗಳಲ್ಲಿ 'ಅಕ್ಕರೆ ದೇಶಿ'ಗಳು ಅಂತ ಇದ್ದಾರೆ, ಚಂದ್ರಗಿರಿ ಹೊಳೆಯ ಆಚೆಯವರು, ಅಂದ್ರೆ ನಮ್ಮ ತುಳುನಾಡಿನ ಕಡೆಯವರು. ನಮಗಿಂತ ಎಷ್ಟೋ ಮೊದಲೇ ಇದೇ ಕರಾವಳಿ ಹಿಡಿದು ಬಂದ ವಲಸೆಗಾರರು. ಅಮ್ಮನಿಗೆ ಹೇಳಿದೆ. "ಅವ್ರ್ ಮನಿ ಎಂತ ಮಾಡಿದ್ರಂಬ್ರ್?" ಅಂತ ಕೇಳಿದರು.

2025ರ ಏಪ್ರಿಲ್‌ನಲ್ಲಿ ರಜೆ ಹಾಕಿ ಊರಿಗೆ ಹೋದೆವು. ಮಾರಾಟದ ಪತ್ರ ತಮ್ಮನೇ ಎಲ್ಲ ನೋಡಿಕೊಂಡ. ಐದು ಸೆಂಟ್ಸಿನ ದಾನಪತ್ರ ಬೇರೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನಲ್ಲಿ ಮಗಳು ಅದನ್ನು ಕೂಡಿಸಿ ಕೂಡಿಸಿ ಓದುತ್ತಿದ್ದಳು. ಮನೆಯಲ್ಲಿ ನಾನು ಕಲಿಸಿದ ಅಕ್ಷರ, ಕಾಗುಣಿತದ ಹತ್ತಿರ ಬಂದು ನಿಂತು ಹೋಗಿತ್ತು.

"ಅಪ್ಪಾ, ಚಕ್ಕುಬಂದಿ ಅಂದ್ರೆ?"

ನಾನು ಬಾಯಿ ತೆರೆಯುವ ಮೊದಲು ಅಮ್ಮ ಹೇಳಿದರು, "ಸುತ್ತ ಎಂತೆಂತ ಇತ್ತ್ ಅಂದೇಳಿ ಮಗಾ. ಓದ್."

ಪೂರ್ವಕ್ಕೆ ಖರೀದಿದಾರರ ಜಾಗ, ಉತ್ತರಕ್ಕೂ ಅದೇ, ದಕ್ಷಿಣಕ್ಕೆ ತೋಡು. ಪಶ್ಚಿಮದ್ದನ್ನು ಅವಳು ತಡವರಿಸದೆ ಓದಿದಳು, ಹೆದ್ದಾರಿಯ ನಂಬರಿನ ಸಮೇತ. ಅಷ್ಟರಲ್ಲಿ ಒಳಗಿನಿಂದ ನಮ್ಮ ಟೋಕನ್ ಕರೆದರು.