ಎಲೆ ಅದೇ, ಬೆಲೆ ಬೇರೆ

ಇಸ್ಪೀಟು ಆಡುವವರಲ್ಲಿ ನಮ್ಮ ಊರಿನವರು ಎರಡೇ ಬಗೆ ಕಾಣುತ್ತಾರೆ. ಗೆದ್ದವನು ಜಾಣ, ಸೋತವನು ಹಾಳಾದವನು. ಪುಣೆಗೆ ಬಂದು ಪೋಕರ್ ಕಲಿತ ಮೇಲೆ ನನಗೆ ತಿಳಿದದ್ದು, ಆ ಆಟವನ್ನು ಚೆನ್ನಾಗಿ ಬಲ್ಲವರು ಈ ಲೆಕ್ಕವನ್ನು ಒಪ್ಪುವುದಿಲ್ಲ ಎಂಬುದು. ಅವರು ಕೇಳುವ ಪ್ರಶ್ನೆಯೇ ಬೇರೆ: ತೀರ್ಮಾನ ಮಾಡುವ ಹೊತ್ತಿನಲ್ಲಿ ನಿನಗೆ ಏನು ಗೊತ್ತಿತ್ತು, ಮತ್ತು ಮುಂದೆ ಹೋಗಲು ಎಷ್ಟು ಬೆಲೆ ಕೊಡಬೇಕಾಗಿತ್ತು? ಈ ಪ್ರಶ್ನೆ ನಮ್ಮ ಮನೆಯ ಒಂದು ಹಳೇ ನೋವಿಗೂ ಬೇಕಾಗಿ ಬಂತು. ಅದನ್ನು ಹೇಳಬೇಕಾದರೆ ಮೊದಲು ಆಟವನ್ನು ಸ್ವಲ್ಪ ಹೇಳಬೇಕು.

ನಮ್ಮದು ನಾಲ್ಕು ಕನ್ನಡ ಮನೆಗಳ ಗುಂಪು. ಒಬ್ಬರು ಮಂಗಳೂರಿನವರು, ಒಬ್ಬರು ಕಲಬುರಗಿಯವರು, ಒಬ್ಬರು ಮೈಸೂರಿನವರು, ನಾನು ಧಾರವಾಡದವನು. ಭಾನುವಾರ ಊಟವಾದ ಮೇಲೆ ಆಟ. ದುಡ್ಡು ಇಲ್ಲ, ಹುಣಸೆ ಬೀಜ. ತಲೆಗೆ ಇನ್ನೂರು. ಚೌಕಾಬಾರಕ್ಕೆ ಎಂದು ಮೈಸೂರಿನವರ ಅತ್ತೆ ಕೂಡಿಟ್ಟಿದ್ದ ಡಬ್ಬಿಯೇ ನಮ್ಮ ಬ್ಯಾಂಕು. ದುಡ್ಡಿಟ್ಟು ಆಡಿ ಎಂದು ಈ ಪ್ರಬಂಧ ಯಾರಿಗೂ ಹೇಳುತ್ತಿಲ್ಲ. ದುಡ್ಡು ಪಣವಿಡುವ ಆನ್‌ಲೈನ್ ಆಟಗಳನ್ನು ಕೇಂದ್ರದ ಕಾನೂನು 2025ರ ಆಗಸ್ಟ್‌ನಲ್ಲಿ ನಿಷೇಧಿಸಿತು. ಅದಕ್ಕೂ ಮೊದಲು ಪೋಕರ್ ಕೌಶಲವೋ ಅದೃಷ್ಟವೋ ಎಂಬ ವಾದ ನಮ್ಮ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ನಡೆದಿದೆ. ನನಗನಿಸುವಂತೆ ಎಲೆ ಬೀಳುವುದು ಪೂರ್ತಿ ಅದೃಷ್ಟ. ಕೌಶಲ ಇರುವುದು ಬಿದ್ದ ಎಲೆಗೆ ಎಷ್ಟು ಬೆಲೆ ಕೊಡಬೇಕು ಎಂಬ ತೀರ್ಮಾನದಲ್ಲಿ.

ಆಟ ಸರಳ. ಪ್ರತಿಯೊಬ್ಬರಿಗೂ ಎರಡು ಎಲೆ, ಅವರಿಗೆ ಮಾತ್ರ ಕಾಣುವಂತೆ. ನಡುವೆ ಐದು ಎಲೆ, ಎಲ್ಲರಿಗೂ ಸೇರಿದ್ದು: ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಈ ಏಳರಲ್ಲಿ ಒಳ್ಳೆಯ ಐದನ್ನು ಜೋಡಿಸಬೇಕು. ಪ್ರತಿ ಹಂತದಲ್ಲೂ ಒಂದು ಸುತ್ತು ಬೆಟ್. ಒಬ್ಬರು ಬೀಜ ಮುಂದೆ ತಳ್ಳಿದರೆ ಉಳಿದವರು ಅಷ್ಟೇ ಹಾಕಬೇಕು, ಏರಿಸಬೇಕು, ಇಲ್ಲವೇ ಎಲೆ ಕೆಳಗಿಡಬೇಕು. ತೀನ್ ಪತ್ತಿ ಆಡಿದವರು ಇದನ್ನು ಪ್ಯಾಕ್ ಎನ್ನುತ್ತಾರೆ, ಪೋಕರ್‌ನಲ್ಲಿ ಫೋಲ್ಡ್.

ಈಗ ಒಂದು ಕೈ ನೋಡಿ. ನಿಮ್ಮ ಬಳಿ ಆಟೀನಿನ ಹತ್ತು, ಆಟೀನಿನ ಎಂಟು ಇವೆ. ನಡುವೆ ನಾಲ್ಕು ಎಲೆ ಬಿದ್ದಿವೆ: ಆಟೀನಿನ ರಾಜ, ಆಟೀನಿನ ನಾಲ್ಕು, ಕಳಾವರದ ರಾಣಿ, ಇಸ್ಪೀಟಿನ ಎರಡು. ಎದುರಿನವರ ಬಳಿ ರಾಜನ ಜೋಡಿ ಇದೆ ಎಂದು ನಿಮಗೆ ಹೆಚ್ಚುಕಡಿಮೆ ಖಾತ್ರಿ. ಈಗ ನೀವು ಹಿಂದೆ ಇದ್ದೀರಿ. ಆದರೆ ಕೊನೆಯ ಎಲೆ ಆಟೀನು ಬಂದರೆ ಐದೂ ಒಂದೇ ಬಣ್ಣ, ಅಂದರೆ ಫ್ಲಶ್, ಕೈ ನಿಮ್ಮದು. ಕಟ್ಟಿನಲ್ಲಿ 52 ಎಲೆ, ನಿಮಗೆ ಕಂಡಿರುವುದು 6, ಕಾಣದೆ ಉಳಿದದ್ದು 46. ಹದಿಮೂರು ಆಟೀನಿನಲ್ಲಿ ನಾಲ್ಕು ಕಂಡಿವೆ, ಉಳಿದದ್ದು 9. ಅಂದರೆ 46ರಲ್ಲಿ 9 ಸಲ ನೀವು ಗೆಲ್ಲುತ್ತೀರಿ, ಸುಮಾರು ಐದಕ್ಕೆ ಒಂದು.

ಹಾಗಾದರೆ ಮುಂದೆ ಹೋಗಬೇಕೇ? ಈ ಪ್ರಶ್ನೆಗೆ ಎಲೆ ನೋಡಿ ಉತ್ತರ ಹೇಳಲು ಬರುವುದಿಲ್ಲ. ಪಾಟಿನಲ್ಲಿ ನೂರು ಬೀಜ ಇವೆ, ಎದುರಿನವರು ಐವತ್ತು ಹಾಕಿದರು ಎನ್ನಿ. ನೀವು ಐವತ್ತು ಕೊಟ್ಟರೆ ಗೆಲ್ಲಬಹುದಾದದ್ದು ನೂರೈವತ್ತು. ಇದೇ ಕೈಯನ್ನು 46 ಸಲ ಆಡಿದಿರಿ ಎಂದುಕೊಳ್ಳಿ. 37 ಸಲ ಐವತ್ತರಂತೆ 1850 ಕಳೆದುಕೊಳ್ಳುತ್ತೀರಿ, 9 ಸಲ ನೂರೈವತ್ತರಂತೆ 1350 ಗಳಿಸುತ್ತೀರಿ. ಐನೂರು ಬೀಜ ನಷ್ಟ. ಅದೇ ಎದುರಿನವರು ಇಪ್ಪತ್ತು ಮಾತ್ರ ಹಾಕಿದ್ದರೆ? 37 ಸಲ ಇಪ್ಪತ್ತರಂತೆ 740 ಹೋಗುತ್ತದೆ, 9 ಸಲ ನೂರಿಪ್ಪತ್ತರಂತೆ 1080 ಬರುತ್ತದೆ. 340 ಲಾಭ. ಕೊನೆಯ ಸುತ್ತಿನಲ್ಲಿ ಇನ್ನಷ್ಟು ಬೀಜ ಬರಬಹುದು ಎಂಬ ಲೆಕ್ಕ ಸೇರಿದರೆ ಅಂಕಿಗಳು ಸ್ವಲ್ಪ ಬದಲಾಗುತ್ತವೆ, ಆದರೆ ತತ್ವ ಇಷ್ಟೇ. ಎಲೆ ಅದೇ, ಬೆಲೆ ಬೇರೆ, ತೀರ್ಮಾನವೂ ಬೇರೆ.

ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಇಪ್ಪತ್ತು ಬೀಜ ಕೊಟ್ಟು ಮುಂದೆ ಹೋಗುವುದು ಸರಿಯಾದ ತೀರ್ಮಾನ. ಆದರೂ ಐದರಲ್ಲಿ ನಾಲ್ಕು ಸಲ ನೀವು ಸೋಲುತ್ತೀರಿ. ಸರಿಯಾಗಿ ಆಡಿದವರು ಹೆಚ್ಚಿನ ಸಲ ಸೋತೇ ಎದ್ದು ಹೋಗುವ ಕೈ ಇದು. ಕಲಬುರಗಿಯ ಗೆಳೆಯರಿಗೆ ಇದನ್ನು ಒಪ್ಪಿಸಲು ನಮಗೆ ಆರು ತಿಂಗಳು ಹಿಡಿಯಿತು.

ಫೋಲ್ಡ್ ಮಾಡುವುದು ಇನ್ನೂ ಕಷ್ಟ. ಆಗಲೇ ಹಾಕಿದ ಬೀಜ ಕಣ್ಣೆದುರಿಗೇ ಇರುತ್ತದೆ. ಇಷ್ಟು ಹಾಕಿದ್ದೇನೆ, ಈಗ ಬಿಡುವುದೇ ಎನಿಸುತ್ತದೆ. ಆದರೆ ಪಾಟಿಗೆ ಬಿದ್ದ ಬೀಜ ಈಗ ನಿಮ್ಮದಲ್ಲ, ಅದು ಗೆದ್ದವರದು. ಸಭಾಪರ್ವದ ಧರ್ಮರಾಯ ಸಂಪತ್ತು ಹೋಯಿತೆಂದು ರಾಜ್ಯ, ರಾಜ್ಯ ಹೋಯಿತೆಂದು ತಮ್ಮಂದಿರು, ಕೊನೆಗೆ ತನ್ನನ್ನೂ ದ್ರೌಪದಿಯನ್ನೂ ಒಡ್ಡಿದ. ಶಕುನಿಯ ಮೋಸ ಒಂದು ಕಡೆ ಇರಲಿ. ಹೋದದ್ದನ್ನು ತರಲು ಇರುವುದನ್ನು ಇಡುವ ಆ ಚಟ ಮೋಸವಿಲ್ಲದ ಆಟದಲ್ಲೂ ಮನುಷ್ಯನನ್ನು ಮುಳುಗಿಸುತ್ತದೆ.

ಇನ್ನು ಬ್ಲಫ್. ಕೈಯಲ್ಲಿ ಏನೂ ಇಲ್ಲದೆ ಇದೆ ಎಂದು ತೋರಿಸುವುದು ಕೇವಲ ಧೈರ್ಯದ ಕೆಲಸ ಎಂದು ಸಿನಿಮಾ ನೋಡಿದವರು ತಿಳಿದಿರುತ್ತಾರೆ. ಗಣಿತಜ್ಞ ಜಾನ್ ಫಾನ್ ನಾಯ್ಮನ್ ಇದನ್ನು ಲೆಕ್ಕವಾಗಿ ನೋಡಿದರು. ಆಸ್ಕರ್ ಮಾರ್ಗನ್‌ಸ್ಟರ್ನ್ ಜೊತೆ 1944ರಲ್ಲಿ ಅವರು ಪ್ರಕಟಿಸಿದ ಗೇಮ್ ಥಿಯರಿಯ ಪುಸ್ತಕದಲ್ಲಿ ಪೋಕರ್‌ನ ಒಂದು ಸರಳ ಮಾದರಿ ಇದೆ. ಅದರ ಪ್ರಕಾರ ದೊಡ್ಡ ಬೆಟ್ ಹಾಕಬೇಕಾದದ್ದು ಅತಿ ಒಳ್ಳೆಯ ಕೈಯಲ್ಲಿ, ಮತ್ತು ಕೆಲವು ಸಲ ಅತಿ ಕೆಟ್ಟ ಕೈಯಲ್ಲಿ. ನಡುವಿನ ಕೈಯಲ್ಲಿ ಸುಮ್ಮನಿರಬೇಕು. ಪಾಟಿನಲ್ಲಿ ನೂರು ಇದ್ದಾಗ ನೀವು ನೂರು ಹಾಕಿದರೆ, ಎದುರಿನವರು ನೂರು ಕೊಟ್ಟು ಇನ್ನೂರು ಗೆಲ್ಲಬೇಕು. ಮೂರರಲ್ಲಿ ಒಂದು ಸಲ ನೀವು ಬ್ಲಫ್ ಮಾಡುತ್ತಿದ್ದರೆ ಅವರಿಗೆ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಅದಕ್ಕಿಂತ ಹೆಚ್ಚು ಮಾಡಿದರೆ ಸಿಕ್ಕಿಬೀಳುತ್ತೀರಿ. ಎಂದೂ ಮಾಡದಿದ್ದರೆ ನೀವು ಬೀಜ ತಳ್ಳಿದ ಕೂಡಲೇ ಎಲ್ಲರೂ ಎದ್ದುಬಿಡುತ್ತಾರೆ, ನಿಮ್ಮ ಒಳ್ಳೆಯ ಕೈಗೂ ಬೆಲೆ ಸಿಗುವುದಿಲ್ಲ.

ಈ ಆಟದ ಅತಿ ಪ್ರಸಿದ್ಧ ಬ್ಲಫ್ 2003ರಲ್ಲಿ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ ನಡೆಯಿತು. ಟೆನೆಸಿಯ ಅಕೌಂಟೆಂಟ್ ಕ್ರಿಸ್ ಮನಿಮೇಕರ್ ನೂರು ಡಾಲರಿಗೂ ಕಡಿಮೆಯ ಆನ್‌ಲೈನ್ ಪಂದ್ಯ ಗೆದ್ದು, ಹತ್ತು ಸಾವಿರ ಡಾಲರ್ ಪ್ರವೇಶ ಶುಲ್ಕದ ಈ ಪಂದ್ಯಕ್ಕೆ ಬಂದಿದ್ದ. 839 ಜನರಲ್ಲಿ ಕೊನೆಗೆ ಉಳಿದವರು ಇಬ್ಬರು, ಅವನು ಮತ್ತು ಪಳಗಿದ ವೃತ್ತಿಪರ ಆಟಗಾರ ಸ್ಯಾಮ್ ಫರ್ಹಾ. ಒಂದು ಕೈಯಲ್ಲಿ ನಡುವೆ ಬಿದ್ದದ್ದು 9, 2, 6, 8, 3. ಅದರಲ್ಲಿ ಮೂರು ಇಸ್ಪೀಟು. ಫರ್ಹಾ ಬಳಿ ರಾಣಿ ಮತ್ತು 9, ಅಂದರೆ ಒಂಬತ್ತರ ಜೋಡಿ. ಮನಿಮೇಕರ್ ಬಳಿ ರಾಜ ಮತ್ತು 7. ಅವನಿಗೆ ಫ್ಲಶ್ಶೂ ಆಗಲಿಲ್ಲ, ಸಾಲೂ ಆಗಲಿಲ್ಲ, ಕೈ ಖಾಲಿ. ತನ್ನ ಬಳಿ ಇದ್ದದ್ದನ್ನೆಲ್ಲ ಮುಂದೆ ತಳ್ಳಿದ. ಫರ್ಹಾ ಬಹಳ ಹೊತ್ತು ಯೋಚಿಸಿ ಫೋಲ್ಡ್ ಮಾಡಿದ. ಮನಿಮೇಕರ್ ಮುಂದೆ 25 ಲಕ್ಷ ಡಾಲರ್ ಗೆದ್ದ.

ಆ ದೃಶ್ಯ ನೋಡಿದವರು ಫರ್ಹಾ ಎಷ್ಟು ಸುಲಭವಾಗಿ ಮೋಸಹೋದ ಎನ್ನುತ್ತಾರೆ. ಆದರೆ ನೋಡುವವರಿಗೆ ಟಿವಿಯ ಪುಟ್ಟ ಕ್ಯಾಮೆರಾ ಇಬ್ಬರ ಎಲೆಗಳನ್ನೂ ತೋರಿಸುತ್ತಿತ್ತು. ಫರ್ಹಾಗೆ ಕಾಣುತ್ತಿದ್ದದ್ದು ತನ್ನ ಎರಡು ಎಲೆ, ನಡುವಿನ ಮೂರು ಇಸ್ಪೀಟು, ಮತ್ತು ಎಲ್ಲವನ್ನೂ ಮುಂದಿಟ್ಟು ಅಲುಗಾಡದೆ ಕೂತ ಒಬ್ಬ ಮನುಷ್ಯ. ಅವನ ತೀರ್ಮಾನ ಸರಿಯೋ ತಪ್ಪೋ ಎಂದು ವಾದಿಸಬಹುದು. ಆದರೆ ಆ ವಾದವನ್ನು ಅವನ ಕುರ್ಚಿಯಲ್ಲಿ ಕೂತು ಮಾಡಬೇಕೇ ಹೊರತು ಸೋಫಾದಲ್ಲಿ ಕೂತಲ್ಲ.

ನಮ್ಮ ಅಕ್ಕನ ವಿಷಯಕ್ಕೆ ಈಗ ಬರುತ್ತೇನೆ.

ಅಪ್ಪನಿಗೆ ಎಪ್ಪತ್ನಾಲ್ಕು. ಸಕ್ಕರೆ ಕಾಯಿಲೆ, ಹೃದಯದ ಮೂರು ರಕ್ತನಾಳಗಳಲ್ಲಿ ಅಡ್ಡಿ. ಬೈಪಾಸ್ ಆಗಬೇಕೆಂದು ವೈದ್ಯರು ಹೇಳಿದರು. ಧಾರವಾಡದಲ್ಲಿ ಜೊತೆಗಿದ್ದವಳು ಅಕ್ಕ. ಅವಳು ಶಾಲೆಯ ಮಾಸ್ತರಿಣಿ, ಕೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಏನೂ ಮಾಡದಿದ್ದರೆ ಏನಾಗಬಹುದು? ಸ್ಟೆಂಟ್ ಸಾಲದೇ? ಈ ವಯಸ್ಸಿನಲ್ಲಿ, ಸಕ್ಕರೆ ಇದ್ದವರಿಗೆ ಅಪಾಯ ಎಷ್ಟು? ಬೆಳಗಾವಿಗೆ ಹೋಗಿ ಇನ್ನೊಬ್ಬ ವೈದ್ಯರಿಗೂ ತೋರಿಸಿದಳು. ಇಬ್ಬರೂ ಹೇಳಿದ್ದು ಒಂದೇ: ಅಪಾಯ ಇದೆ, ಆದರೆ ಸುಮ್ಮನಿರುವುದರಲ್ಲಿ ಅದಕ್ಕಿಂತ ಹೆಚ್ಚು ಅಪಾಯ ಇದೆ. ಕೊನೆಗೆ ಅಪ್ಪನನ್ನೇ ಕೇಳಿದಳು. "ಅಂಗಳದಾಗ ನಾಕ್ ಹೆಜ್ಜಿ ಹಾಕಿದ್ರ ಉಸಿರು ಹಿಡೀತದ. ಹಿಂಗ ಇರೂದಕಿಂತ ಮಾಡಿಸೂಣು" ಎಂದರು ಅಪ್ಪ. ಆ ಮಾತನ್ನೂ ಬರೆದುಕೊಂಡಳು.

ಆಪರೇಷನ್ ಆಯಿತು. ಐದನೇ ದಿನ ಕಿಡ್ನಿ ಕೈಕೊಟ್ಟಿತು, ಎಂಟನೇ ದಿನ ಅಪ್ಪ ಹೋದರು. ಹದಿಮೂರನೇ ದಿನದ ಊಟಕ್ಕೆ ಕೂತಾಗ ಕಾಕಾ ಎಲ್ಲರ ಎದುರು ಅಂದರು: "ಆಪರೇಷನ್ ಮಾಡಿಸಿರಲಿಲ್ಲಂದ್ರ ಇನ್ನೂ ನಾಕ್ ವರ್ಷ ಇರ್ತಿದ್ದ ನೋಡು." ಬಡಿಸುತ್ತಿದ್ದ ಅಕ್ಕ ಒಳಗೆ ಹೋದವಳು ಹೊರಗೆ ಬರಲಿಲ್ಲ.

1988ರಲ್ಲಿ ಜೊನಾಥನ್ ಬ್ಯಾರನ್ ಮತ್ತು ಜಾನ್ ಹರ್ಷಿ ಎಂಬ ಸಂಶೋಧಕರು ಮಾಡಿದ ಒಂದು ಪ್ರಯೋಗವಿದೆ. ಹೃದಯದ ತೊಂದರೆಯಿರುವ 55 ವರ್ಷದ ರೋಗಿ, ನೂರರಲ್ಲಿ ಎಂಟು ಜನ ಸಾಯುವ ಬೈಪಾಸ್, ವೈದ್ಯರು ಮಾಡಲು ತೀರ್ಮಾನಿಸಿದರು. ಇಷ್ಟನ್ನು ಹೇಳಿ ಆ ತೀರ್ಮಾನಕ್ಕೆ ಅಂಕ ಕೊಡಲು ಕೇಳಿದರು. ಕಥೆಯ ಒಂದು ರೂಪದಲ್ಲಿ ರೋಗಿ ಬದುಕಿದ, ಇನ್ನೊಂದರಲ್ಲಿ ಸತ್ತ. ಉಳಿದದ್ದೆಲ್ಲ ಒಂದೇ. ಸತ್ತಾಗ ಅದೇ ತೀರ್ಮಾನಕ್ಕೆ ಕಡಿಮೆ ಅಂಕ ಬಿತ್ತು. ಪೋಕರ್ ಆಟಗಾರ್ತಿ ಆನಿ ಡ್ಯೂಕ್ 2018ರ ತಮ್ಮ ಪುಸ್ತಕದಲ್ಲಿ ಈ ಅಭ್ಯಾಸವನ್ನೇ ಎಚ್ಚರಿಸುತ್ತಾರೆ: ಫಲ ನೋಡಿ ತೀರ್ಮಾನದ ಗುಣ ಅಳೆಯಬೇಡಿ. ಪಳಗಿದ ಆಟಗಾರರಿಗೆ ಇದಕ್ಕೊಂದು ಉಪಾಯವಿದೆ. ಆಡಿದ ಕೈಯ ಬಗ್ಗೆ ಗೆಳೆಯರ ಸಲಹೆ ಕೇಳುವಾಗ ಕೊನೆಗೆ ಏನಾಯಿತು ಎಂದು ಹೇಳುವುದಿಲ್ಲ. ತೀರ್ಮಾನದ ಹೊತ್ತಿನವರೆಗೆ ಮಾತ್ರ ಹೇಳಿ ನಿಲ್ಲಿಸುತ್ತಾರೆ.

ವರ್ಷಾಂತಿಕಕ್ಕೆ ಹೋದಾಗ ನಾನು ಕಾಕಾನ ಜೊತೆ ಕೂತು ಹಾಗೇ ಕೇಳಿದೆ. "ಕಾಕಾ, ಅಪ್ಪ ಇನ್ನೂ ಒಳಗ ಕೂತಾರ ಅಂತ ತಿಳ್ಕೋರಿ. ಈ ಹಾಳೀ ಓದ್ರಿ. ನೀವು ಏನ್ ಮಾಡ್ತಿದ್ರಿ?" ಅಕ್ಕನ ನೋಟ್‌ಬುಕ್ಕಿನ ಎರಡು ಪುಟ ಅವರು ನಿಧಾನ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಮಾಡಿಸ್ತಿದ್ದೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ ಹೋದನಲ್ಲೋ" ಎಂದರು.

ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಹುಣಸೆ ಬೀಜದ ಆಟದಲ್ಲಿ ಇವತ್ತು ಸೋತರೆ ಮುಂದಿನ ಭಾನುವಾರ ಇದೆ. ಸರಿಯಾದ ತೀರ್ಮಾನಕ್ಕೆ ನೂರಾರು ಕೈಗಳ ಮೇಲೆ ಬೆಲೆ ಸಿಕ್ಕೇ ಸಿಗುತ್ತದೆ. ಅಪ್ಪನ ಕೈಯನ್ನು 46 ಸಲ ಆಡಲು ಬರುವುದಿಲ್ಲ. ಪೋಕರ್‌ನಿಂದ ಬದುಕಿಗೆ ತರಬಹುದಾದ ಪಾಠಕ್ಕೆ ಇರುವ ಮಿತಿ ಇದೇ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಈಗ ಅನಿಸುವುದು, ಒಂದೇ ಸಲ ಆಡುವ ಕೈಯಲ್ಲಿ ಈ ಪಾಠ ಇನ್ನೂ ಹೆಚ್ಚು ಬೇಕು. ಸಾವಿರ ಕೈಯ ಫಲ ಆಟಗಾರನ ಬಗ್ಗೆ ಏನಾದರೂ ಹೇಳುತ್ತದೆ. ಒಂದು ಕೈಯ ಫಲ ಏನನ್ನೂ ಹೇಳುವುದಿಲ್ಲ. ದುಃಖ ಪಡುವುದು ಒಂದು, ತಪ್ಪು ಹೊರಿಸುವುದು ಇನ್ನೊಂದು. ಎರಡೂ ಒಂದೇ ಬಾಗಿಲಿನಿಂದ ಬರುತ್ತವೆ, ಅದಕ್ಕೇ ನಮಗೆ ಗುರುತು ಸಿಗುವುದಿಲ್ಲ.

ತಪ್ಪು ಹೊರಿಸಿದ್ದಕ್ಕೆ ನಮ್ಮ ಮನೆ ಕೊಟ್ಟ ಬೆಲೆಯೂ ಸಣ್ಣದಲ್ಲ. ಅವ್ವನ ಮೊಣಕಾಲು ಸವೆದಿದೆ, ಮೆಟ್ಟಿಲು ಹತ್ತಲಾರಳು. ಆಪರೇಷನ್ ಮಾಡಿಸಬೇಕೋ ಬೇಡವೋ ಎಂಬ ಮಾತು ಬಂದಾಗಲೆಲ್ಲ ಅಕ್ಕ, "ನಾ ಏನೂ ಹೇಳೂದಿಲ್ಲಪಾ, ನೀವs ನೋಡ್ರಿ" ಎಂದು ಎದ್ದು ಹೋಗುತ್ತಿದ್ದಳು. ಎಲ್ಲರಿಗಿಂತ ಚೆನ್ನಾಗಿ ಪ್ರಶ್ನೆ ಕೇಳಬಲ್ಲವಳು ಮನೆಯಲ್ಲಿ ಬಾಯಿ ಮುಚ್ಚಿಕೊಂಡಳು.

ಕಾಕಾ ಅಂದದ್ದನ್ನು, "ಮಾಡಿಸ್ತಿದ್ದೆ" ಎಂಬ ಆ ಒಂದು ಮಾತನ್ನು, ನಾನು ಅವಳಿಗೆ ಫೋನಿನಲ್ಲಿ ಹೇಳಿದೆ. ಅವಳು ಸುಮ್ಮನಿದ್ದಳು. ಕಳೆದ ವಾರ ಒಂದು ಫೋಟೋ ಕಳಿಸಿದ್ದಾಳೆ. ಅದೇ ನೋಟ್‌ಬುಕ್ಕು, ಹೊಸ ಪುಟ, ಮೇಲೆ ಅವ್ವನ ಹೆಸರು. ಮೊದಲ ಪ್ರಶ್ನೆ: ಏನೂ ಮಾಡದಿದ್ದರೆ ಏನಾಗಬಹುದು? ಡಾಕ್ಟರ ಭೇಟಿ ಬರುವ ಸೋಮವಾರ ಇದೆ. ಏನು ತೀರ್ಮಾನವಾಗುತ್ತದೋ ಇನ್ನೂ ಗೊತ್ತಿಲ್ಲ.