ಪಂಪ್‌ವೆಲ್‌ನಲ್ಲಿ ಲಂಗರು

ದೋಣಿ ಮುಳುಗುವುದಕ್ಕೆ ಕಡಲೇ ಬೇಕೆಂದಿಲ್ಲ. ಅಲೆಗೆ ಸಿಕ್ಕಿ ಮಗುಚಿದ ದೋಣಿ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಧಕ್ಕೆಯಲ್ಲಿ ಕಟ್ಟಿದ ಹಗ್ಗದಲ್ಲೇ, ರಾತ್ರಿಯಿಡೀ ಸುರಿದ ಮಳೆಯನ್ನು ಹೊಟ್ಟೆಗೆ ತುಂಬಿಸಿಕೊಂಡು ತಳ ಸೇರಿದ್ದರ ಬಗ್ಗೆ ಯಾರೂ ಬರೆಯುವುದಿಲ್ಲ. ಮಾಲೀಕನೂ ಹೇಳಿಕೊಳ್ಳಲು ನಾಚುತ್ತಾನೆ. ಆದರೆ ದೋಣಿಗಳಿಗೆ ವಿಮೆ ಮಾಡಿಸುವ ದೇಶಗಳಲ್ಲಿ ವಿಮೆಯವರಿಗೆ ಇದು ಹಳೆಯ ಸಂಗತಿ. ಓಡುವಾಗ ಮುಳುಗುವ ದೋಣಿಗಿಂತ ಕಟ್ಟಿಟ್ಟಲ್ಲೇ ಮುಳುಗುವ ದೋಣಿ ಹೆಚ್ಚು. ಅದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿ, ನೆಲದ ಮೇಲೆಯೇ ಮುಳುಗಲು ಹೊರಟ ದೋಣಿಯೊಂದನ್ನು ನಾನು ಕಂಡಿದ್ದೇನೆ. ಅದು ಪಂಪ್‌ವೆಲ್‌ನಲ್ಲಿ, ನಮ್ಮ ಮನೆಯ ಅಂಗಳದಲ್ಲಿ ಇತ್ತು.

ದೋಣಿ ಭಾವನದ್ದು. ಉಳ್ಳಾಲದ ಕಡೆ ಹೊಳೆಬದಿಯಲ್ಲಿ ಅವರ ಮನೆ. ರಜೆಯ ದಿನ ಗಾಳ ಹಾಕಲಿಕ್ಕೆ, ಕುದ್ರುವಿನ ತೋಟದಿಂದ ತೆಂಗಿನಕಾಯಿ ತರಲಿಕ್ಕೆ ಒಂದು ಫೈಬರ್ ದೋಣಿ, ಅದರ ಹಿಂದೆ ಸಿಕ್ಕಿಸುವ ಇಂಜಿನ್ನು. ಮೇ ಕೊನೆಗೆ ಅವರ ಫೋನು ಬಂತು.

"ಭಾವ, ನಿಮ್ಮ ಅಂಗಳ ಖಾಲಿ ಉಂಟಲ್ಲ?"

"ಉಂಟು. ಎಂತಕ್ಕೆ?"

"ಹೊಳೆಯಲ್ಲಿ ಬಿಟ್ಟರೆ ನೆರೆಗೆ ಹೋಗ್ತದೆ ಮಾರಾಯ್ರೆ. ನಿಮ್ಮಲ್ಲಾದರೆ ಒಣ ಜಾಗ."

ಪಂಪ್‌ವೆಲ್ಲನ್ನು ಒಣ ಜಾಗ ಎಂದವರು ಮಂಗಳೂರಿನಲ್ಲಿ ಇವರೊಬ್ಬರೇ ಇರಬೇಕು. ಕಂಕನಾಡಿಯ ಗುಡ್ಡದ ನೀರು, ನಂತೂರು ಕಡೆಯ ಇಳಿಜಾರಿನ ನೀರು ಬಂದು ಸೇರುವ ತಗ್ಗು ಇದು. ನೇತ್ರಾವತಿಯ ಕಡೆಗೆ ಹೋಗುವ ತೋಡು ತುಂಬಿತೆಂದರೆ ನೀರು ರಾಷ್ಟ್ರೀಯ ಹೆದ್ದಾರಿ 66ನ್ನೇ ಹಿಡಿಯುತ್ತದೆ. ಹತ್ತಿರ ಹತ್ತಿರ ಹತ್ತು ವರ್ಷ ಕಟ್ಟಿ 2020ರ ಜನವರಿ 31ರಂದು ತೆರೆದ ಮೇಲ್ಸೇತುವೆಯ ಮೇಲೆ ವಾಹನಗಳೇನೋ ಹತ್ತಿ ಹೋದವು. ನೀರು ಮಾತ್ರ ಹಳೆಯ ಅಭ್ಯಾಸ ಬಿಡದೆ ಅಡಿಯಲ್ಲೇ ಉಳಿಯಿತು. ಹಿಂದೆ ಇಲ್ಲಿ ಪಂಪು ಇಟ್ಟ ಬಾವಿಯೊಂದಿತ್ತು, ಅದರಿಂದಲೇ ಈ ಹೆಸರು ಎನ್ನುತ್ತಾರೆ. ಕಾಗದದಲ್ಲಿ ಇದು ಮಹಾವೀರ ವೃತ್ತ. ಬಸ್ಸಿನಲ್ಲಿ ಹಾಗೆಂದು ಟಿಕೆಟು ಕೇಳಿದರೆ ಕಂಡಕ್ಟರ್ ನಮ್ಮನ್ನು ಪರವೂರಿನವರೆಂದು ತಿಳಿಯುತ್ತಾನೆ. ಹೆಸರಿನ ಮೇಲೆ ಮಾಡಬಹುದಾದ ಹಾಸ್ಯವನ್ನೆಲ್ಲ ಊರಿನವರು ಪ್ರತಿ ಜೂನ್‌ನಲ್ಲೂ ಮಾಡಿ ಮುಗಿಸುವುದರಿಂದ ನಾನು ಅದರ ಗೋಜಿಗೆ ಹೋಗುವುದಿಲ್ಲ.

ಟೆಂಪೊದಲ್ಲಿ ದೋಣಿ ಬಂತು. ಹಲಸಿನ ಮರದಡಿ ಎರಡು ಮರದ ದಿಮ್ಮಿಗಳ ಮೇಲೆ ಅದನ್ನು ಕೂರಿಸಿದೆವು. ಇಂಜಿನ್ನು ಚಾವಡಿಗೆ ಬಂತು. ಪೆಟ್ರೋಲಿನ ವಾಸನೆ ಬರುತ್ತದೆಂದು ಅಮ್ಮ ಅದಕ್ಕೆ ಹಳೆಯ ಬೆಡ್‌ಶೀಟು ಹೊದೆಸಿದರು. ಮರುದಿನದಿಂದ ಮಳೆ ಹಿಡಿಯಿತು.

ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಶಾಲೆಯಲ್ಲಿ ಕಲಿತ ಲೆಕ್ಕಗಳಲ್ಲಿ ಇಷ್ಟು ಸಲೀಸಾದದ್ದು ಇನ್ನೊಂದಿಲ್ಲ. ಭಾವನ ದೋಣಿಯ ಬಾಯಿ ಸುಮಾರು ಎಂಟು ಚದರ ಮೀಟರ್. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ. ಅಂದರೆ ದೋಣಿಯೊಳಗೆ 500 ಲೀಟರಿಗೂ ಮೇಲೆ. 115.6 ದಾಟಿದರೆ ಅತಿ ಭಾರೀ, 900 ಲೀಟರಿಗೂ ಮೇಲೆ. 204.5 ದಾಟುವ ಲಕ್ಷಣವಿದ್ದರೆ ರೆಡ್ ಅಲರ್ಟ್. ಪಕ್ಕದ ಮನೆಯ ಮಕ್ಕಳಿಗೆ ರೆಡ್ ಅಲರ್ಟ್ ಎಂದರೆ ಜಿಲ್ಲಾಧಿಕಾರಿ ಕೊಡುವ ರಜೆ; ಆ ವರ್ಷ ನನಗೆ ಅದು 1,600 ಲೀಟರ್. ಮಂಗಳೂರಿನಲ್ಲಿ ಜುಲೈ ಒಂದರಲ್ಲೇ ಸರಾಸರಿ ಮೀಟರಿನಷ್ಟು ಮಳೆ ಬೀಳುತ್ತದೆ. ಯಾರೂ ಮುಟ್ಟದೆ, ಒಂದು ತೊಟ್ಟೂ ಹೊರಗೆ ಹೋಗದೆ ಇದ್ದರೆ ಎಂಟು ಟನ್ ನೀರು.

ನೀರಿನಲ್ಲಿರುವ ದೋಣಿಗೆ ಹೊರಗಿನ ನೀರಿನ ಆಸರೆಯಾದರೂ ಇದೆ; ಒಳಗಿನ ಭಾರವನ್ನು ಅದು ಎಲ್ಲ ಕಡೆಯಿಂದ ಸಮನಾಗಿ ಹೊರುತ್ತದೆ. ಅಂಗಳದ ದೋಣಿಗೆ ಇರುವುದು ಎರಡು ದಿಮ್ಮಿ ಮಾತ್ರ. ಒಳಗೆ ಒಂದು ಟನ್ ನೀರು ನಿಂತರೆ ದಿಮ್ಮಿ ತಾಗಿದಲ್ಲಿ ಫೈಬರ್ ಬಿರುಕು ಬಿಡುತ್ತದೆ. ಅದಕ್ಕಿಂತ ಮೊದಲೇ ಕೆಡುವುದು ನಾವು ಕಾಲಿಡುವ ಹಲಗೆಯ ಕೆಳಗಿನ ತಗ್ಗು, ಎರಡೂ ಪಕ್ಕ ಬಂದು ಸೇರುವ ಬಿಲ್ಜ್ ಎಂಬ ಜಾಗ. ಬ್ಯಾಟರಿ, ವಯರು, ಎಣ್ಣೆಯ ಪೈಪು ಎಲ್ಲ ಅಲ್ಲೇ ಹಾದುಹೋಗುತ್ತವೆ. ಮೇಲಿಂದ ನೋಡಿದರೆ ದೋಣಿ ಒಣಗಿದಂತೆಯೇ ಕಾಣುತ್ತದೆ. ಹಲಗೆ ಎತ್ತಿದಾಗಲೇ ಸತ್ಯ ಗೊತ್ತಾಗುವುದು.

ನಮ್ಮ ಕರಾವಳಿಯ ಹಿರಿಯರು ಈ ತಲೆನೋವಿಗೆ ಕಂಡುಕೊಂಡ ಉಪಾಯಕ್ಕೆ ಕಾಸಿನ ಖರ್ಚಿರಲಿಲ್ಲ. ಸಣ್ಣ ಪಾತಿ ದೋಣಿಯಾದರೆ ನಾಲ್ಕು ಜನ ಸೇರಿ ತೆಂಗಿನ ಮರದಡಿ ಮಗುಚಿ ಹಾಕುವುದು. ಮಗುಚಿದ ದೋಣಿಯೊಳಗೆ ಮಳೆ ತುಂಬಿದ್ದನ್ನು ಈವರೆಗೆ ಯಾರೂ ಕಂಡಿಲ್ಲ. ಮಗುಚಲಾಗದ ದೊಡ್ಡದಕ್ಕೆ ಹೆಣೆದ ಮಡಲಿನ ಮಾಡು. ಒಳಗೆ ಸೇರಿದ ನೀರಿಗೆ ಅಡಿಕೆ ಹಾಳೆ. ತಳದ ಬಾಗಿಗೆ ತಾನೂ ಬಾಗಿ ಕೊನೆಯ ಬೊಗಸೆಯನ್ನೂ ಮೊಗೆಯುವ ಸಾಧನ ಅದರಷ್ಟು ಅಗ್ಗವಾಗಿ ಇವತ್ತಿಗೂ ಸಿಗುವುದಿಲ್ಲ. ಹಲಗೆಗಳಿಗೆ ಬೂತಾಯಿ ಎಣ್ಣೆ, ಗೇರುಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಮಂಗಳೂರಿನಲ್ಲಿ ಎರಡಕ್ಕೂ ಬರವಿರಲಿಲ್ಲ. ಮೂಗಿಗೆ ಆಗುವ ಕಷ್ಟವನ್ನು ಲೆಕ್ಕಕ್ಕೆ ಹಿಡಿಯುತ್ತಲೂ ಇರಲಿಲ್ಲ.

ಮರದ ದೋಣಿಯವರು ಕಡಲ ನೀರಿಗಿಂತ ಮಳೆಯ ನೀರಿಗೇ ಹೆಚ್ಚು ಹೆದರುತ್ತಿದ್ದರು ಎಂಬುದು ನನಗೆ ಮೊದಲು ವಿಚಿತ್ರವಾಗಿ ಕಂಡಿತ್ತು. ಕಾರಣ ಉಪ್ಪು. ಮರ ತಿನ್ನುವ ಶಿಲೀಂಧ್ರಕ್ಕೆ ಉಪ್ಪು ಆಗುವುದಿಲ್ಲ. ಸಿಹಿನೀರು, ಬೆಚ್ಚಗಿನ ಹವೆ, ಗಾಳಿಯಾಡದ ಮೂಲೆ ಸಿಕ್ಕಿದರೆ ಅದಕ್ಕೆ ಹಬ್ಬ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಹಡಗು ಕಟ್ಟುವವರು ಪಕ್ಕೆಲುಬುಗಳ ನಡುವೆ ಹರಳುಪ್ಪು ತುಂಬಿಸುತ್ತಿದ್ದುದು ಇದಕ್ಕೇ. ಬ್ರಿಟಿಷ್ ನೌಕಾಪಡೆ 1810ರಲ್ಲಿ ನೀರಿಗಿಳಿಸಿದ ಕ್ವೀನ್ ಶಾರ್ಲಟ್ ಎಂಬ ನೂರಕ್ಕೂ ಹೆಚ್ಚು ಫಿರಂಗಿಗಳ ಹಡಗು ಯುದ್ಧ ಕಾಣುವ ಮೊದಲೇ ಒಳಗೊಳಗೆ ಕೊಳೆತು, ಅಲ್ಲಿ ಬೆಳೆದ ಅಣಬೆಗಳನ್ನು ಗುರುತಿಸಲು ಜೇಮ್ಸ್ ಸೋವರ್ಬಿ ಎಂಬ ಸಸ್ಯಶಾಸ್ತ್ರಜ್ಞನನ್ನು ಕರೆಸಬೇಕಾಯಿತು. ಹಸಿ ಮರ, ನಿಂತ ತೇವ, ಆಡದ ಗಾಳಿ. ಶತ್ರುವಿನ ಒಂದೂ ಗುಂಡು ತಾಗಿರಲಿಲ್ಲ. ಭಾರೀ ರಿಪೇರಿಯಾದ ಮೇಲೆ 1816ರಲ್ಲಿ ಅದು ಅಲ್ಜೀರ್ಸ್ ತನಕ ಹೋಗಿ ಕಾದಿತು. ಫೈಬರ್ ದೋಣಿಗೆ ಈ ಭಯವಿಲ್ಲ ಎಂದು ಭಾವ ಎದೆ ತಟ್ಟಿ ಹೇಳುತ್ತಿದ್ದರು. ಆದರೆ ಇಂಜಿನ್ನು ಸಿಕ್ಕಿಸುವ ಹಿಂದಿನ ಗೋಡೆಯ ಒಳಗಿರುವುದು ಸಾಮಾನ್ಯವಾಗಿ ಪ್ಲೈವುಡ್. ಸ್ಕ್ರೂ ತೂತಿನಿಂದ ಇಳಿದ ಮಳೆನೀರು ಅದನ್ನು ಸದ್ದಿಲ್ಲದೆ ಮೆತ್ತಗೆ ಮಾಡುತ್ತದೆ.

ಭಾವ ಮೊದಲು ತಂದದ್ದು ಟರ್ಪಾಲು. ನೀಲಿ ಬಣ್ಣದ್ದು, ದೋಣಿಯ ಮೇಲೆ ಬಿಗಿಯಾಗಿ ಎಳೆದು ಕಟ್ಟಿದರು. ರಾತ್ರಿಯ ಮಳೆಗೆ ಅದು ನಡುವಿನಲ್ಲಿ ಜಗ್ಗಿ, ಬೆಳಿಗ್ಗೆ ಅಲ್ಲೊಂದು ಕೆರೆ, ಕೆರೆಯಲ್ಲಿ ಹಲಸಿನ ಎಲೆ. ಒಂದು ಮೂಲೆ ಎತ್ತಿದರೆ ನೀರೆಲ್ಲ ಶಿಸ್ತಾಗಿ ದೋಣಿಯೊಳಗೇ ಇಳಿಯಿತು. ಬಟ್ಟೆಯನ್ನು ಎಷ್ಟು ಬಿಗಿದರೂ ಮಟ್ಟವಾಗಿದ್ದರೆ ಅದು ಜಗ್ಗಲೇಬೇಕು. ಮಾಡಿಗೆ ಇಳಿಜಾರು ಕೊಡದ ಮನೆ ನಮ್ಮ ಜಿಲ್ಲೆಯಲ್ಲಿ ಎಷ್ಟು ಮಳೆಗಾಲ ನಿಂತೀತು?

ಎರಡನೆಯದಾಗಿ ಬಂದದ್ದು ಪಂಪು. ಅಂಗೈಯಗಲದ್ದು, ಹನ್ನೆರಡು ವೋಲ್ಟಿನದು, ನೀರು ಏರಿದಾಗ ತೇಲುವ ಸ್ವಿಚ್ಚು ಮೇಲೆದ್ದು ತಾನಾಗಿ ಶುರುವಾಗುವಂಥದ್ದು. ಹಡಗಿನ ತಳದ ನೀರು ತೆಗೆಯಲು ಯಂತ್ರ ಹೂಡುವುದು ಹೊಸತೇನಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಸಿರಾಕ್ಯೂಸಿನ ದೊರೆ ಹಿಯರಾನ್ ಕಟ್ಟಿಸಿದ ಸಿರಾಕ್ಯೂಸಿಯಾ ಎಂಬ ಮಹಾ ಹಡಗಿನ ತಳದ ನೀರನ್ನು ಒಬ್ಬನೇ ಆಳು ಆರ್ಕಿಮಿಡೀಸನ ತಿರುಪಿನಿಂದ ಮೇಲೆತ್ತುತ್ತಿದ್ದನೆಂದು ಅಥೆನೇಯಸ್ ದಾಖಲಿಸಿದ್ದಾನೆ. ಆ ಆಳಿಗೆ ಒಂದು ಅನುಕೂಲವಿತ್ತು: ತಿರುಪಿಗೆ ಏನಾದರೂ ಸಿಕ್ಕಿಕೊಂಡರೆ ಅವನಿಗೆ ಗೊತ್ತಾಗುತ್ತಿತ್ತು. ಭಾವನ ಪಂಪು ಯಾರಿಗೂ ಏನೂ ಹೇಳುತ್ತಿರಲಿಲ್ಲ. ನೀರು ಖಾಲಿಯಾಗಿ ಅದು ನಿಂತೊಡನೆ ಪೈಪಿನಲ್ಲಿ ಉಳಿದ ನೀರು ಹಿಂದಕ್ಕೆ ಇಳಿದು ಸ್ವಿಚ್ಚನ್ನು ಮತ್ತೆ ಎಬ್ಬಿಸುವುದು, ಪಂಪು ಅದೇ ನೀರನ್ನು ಮತ್ತೆ ಎತ್ತುವುದು. ಹೀಗೆ ರಾತ್ರಿಯಿಡೀ ಎರಡು ಲೋಟ ನೀರನ್ನು ಮೇಲೆ ಕೆಳಗೆ ಮಾಡುತ್ತ ಬ್ಯಾಟರಿಯನ್ನು ಮುಗಿಸಿತು. ಹೊಸ ಬ್ಯಾಟರಿ ಹಾಕಿದ ಮೇಲೆ ಹಲಸಿನ ಎಲೆಯೊಂದು ಸ್ವಿಚ್ಚಿನಡಿ ಹೊಕ್ಕಿತು.

ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಆಗ ಬಂದರಿನಲ್ಲಿ ಬೋಟುಗಳೆಲ್ಲ ಒತ್ತಾಗಿ ನಿಂತಿರುತ್ತವೆ. ಬೆಂಗ್ರೆಯ ಹಿರಿಯ ಬಡಗಿಯೊಬ್ಬರಿಗೆ ಆ ದಿನಗಳಲ್ಲಿ ತುಸು ಬಿಡುವು. ಭಾವ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದರು. ಅವರು ಪಂಪಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ದೋಣಿಯ ಹಿಂದೆ ಬಗ್ಗಿ ಕೇಳಿದರು:

"ಬೂಚು ಎಂತಕ್ಕೆ ಹಾಕಿದ್ದೀರಿ?"

"ನೀರು ಬರಬಾರದಲ್ಲ" ಎಂದರು ಭಾವ.

"ನೆಲದಿಂದ ನೀರು ಬರ್ತದಾ?"

ತಳದ ತೂತಿನ ಬೂಚನ್ನು ಅವರು ತಿರುವಿ ತೆಗೆದರು. ಬಹಳ ಹೊತ್ತು ನೀರು ಅಂಗಳಕ್ಕೆ ಹರಿಯಿತು. ಆಮೇಲೆ ಮುಂದಿನ ದಿಮ್ಮಿಯ ಮೇಲೆ ಇನ್ನೊಂದು ದಿಮ್ಮಿ ಇಡಿಸಿ ದೋಣಿಯ ಮೂತಿ ಎತ್ತಿಸಿದರು. ಈಗ ತೂತೇ ಎಲ್ಲಕ್ಕಿಂತ ತಗ್ಗು. ಹಲಗೆ ಎತ್ತಿ, ಅಡ್ಡಪಟ್ಟಿಗಳ ಬುಡದಲ್ಲಿ ನೀರು ಹಾಯಲೆಂದು ಬಿಟ್ಟ ಸಣ್ಣ ಕಂಡಿಗಳಲ್ಲಿ ಕೈಹಾಕಿ ಕೊಳೆತ ಎಲೆ ತೆಗೆದರು. ಈ ಕಂಡಿಗಳು ಕಟ್ಟಿದರೆ ಎಂಥ ಪಂಪೂ ಕೆಲಸಕ್ಕೆ ಬಾರದು, ನೀರು ಅದರ ತನಕ ಬರುವುದೇ ಇಲ್ಲ. ಹಳೆಯ ಹಡಗುಗಳಲ್ಲಿ ಕಂಡಿಗಳ ಉದ್ದಕ್ಕೂ ಒಂದು ಸರಪಳಿ ಪೋಣಿಸಿಟ್ಟು, ಆಗಾಗ ಅತ್ತಿತ್ತ ಎಳೆದು ಕೊಳೆ ಬಿಡಿಸುತ್ತಿದ್ದರಂತೆ. ನಮ್ಮ ತೋಡುಗಳ ಮೋರಿಗಳಿಗೂ ಅಂಥದ್ದೊಂದು ಪೋಣಿಸಿದ್ದರೆ ಎಂದು ಆಗ ಅನ್ನಿಸಿದ್ದುಂಟು.

ಕೊನೆಗೆ ನಡುವೆ ಬಿದಿರಿನ ಗಳು ನಿಲ್ಲಿಸಿ ಟರ್ಪಾಲಿಗೆ ಏಣು ಕೊಟ್ಟರು. ಎರಡು ತುದಿ ತೆರೆದೇ ಇರಬೇಕು, ಗಾಳಿ ಆಡಬೇಕು ಎಂದರು. ಬೂಚನ್ನು ಇಂಜಿನ್ನಿನ ಕೀಲಿಗೆ ಕಟ್ಟಿ ಅಮ್ಮನ ಕೈಗೆ ಕೊಟ್ಟರು. ಬೂಚು ಹಾಕಲು ಮರೆತು ದೋಣಿಯನ್ನು ನೀರಿಗೆ ಬಿಡುವವರು ಎಲ್ಲ ಊರಿನಲ್ಲೂ ಇದ್ದಾರಂತೆ.

ಮಲೇರಿಯಾ ತಪಾಸಣೆಗೆ ಮನೆಮನೆಗೆ ಬರುವವರು ಆ ವಾರವೇ ಬಂದರು. ಮಂಗಳೂರಿನಲ್ಲಿ ಅವರ ಕಣ್ಣು ತಪ್ಪಿಸಿ ಒಂದು ಚಿಪ್ಪು ನೀರನ್ನೂ ಇಟ್ಟುಕೊಳ್ಳಲಾಗದು. ಟಯರು, ಹೂಕುಂಡ, ಟ್ಯಾಂಕು ಎಲ್ಲ ನೋಡಿ ದೋಣಿಯ ಮುಂದೆ ನಿಂತರು. ಫಾರಮಿನಲ್ಲಿ ದೋಣಿಗೆ ಕಾಲಂ ಇರಲಿಲ್ಲ. ಟಾರ್ಚು ಬಿಟ್ಟು ನೋಡಿ, ಒಣಗಿದೆ ಎಂದು ತೃಪ್ತರಾಗಿ, "ಇತರೆ" ಎಂದು ಬರೆದುಕೊಂಡು ಹೋದರು.

ಪಂಪು ಕೆಲಸವಿಲ್ಲದೆ ಚಾವಡಿಯಲ್ಲಿ ಇಂಜಿನ್ನಿನ ಪಕ್ಕ ಕೂತಿತು. ಜುಲೈ ನಡುವೆ ರೆಡ್ ಅಲರ್ಟಿನ ದಿನ ತೋಡು ಉಕ್ಕಿ, ಎದುರಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ನೀರು ನುಗ್ಗಿತು. ಅಲ್ಲಿನ ಸೆಕ್ರೆಟರಿ ಪ್ಯಾಂಟು ಮಡಚಿಕೊಂಡು ಬಂದರು.

"ನಿಮ್ಮ ಬೋಟಿನ ಪಂಪು ಉಂಟಂತೆ. ಒಮ್ಮೆ ಕೊಡಿ ಮಾರಾಯ್ರೆ."

ನಾನು ಲೆಕ್ಕ ಹೇಳಿದೆ. ನೆಲಮಾಳಿಗೆ ಇನ್ನೂರು ಚದರ ಮೀಟರಾದರೆ, ನೀರು ಒಂದಡಿ ನಿಂತಿದ್ದರೆ, ಅಲ್ಲಿರುವುದು 60,000 ಲೀಟರ್. ಡಬ್ಬದ ಮೇಲೆ ಏನೇ ಬರೆದಿರಲಿ, ಅಷ್ಟು ಎತ್ತರಕ್ಕೆ ಈ ಪಂಪು ಗಂಟೆಗೆ ಎರಡು ಸಾವಿರ ಲೀಟರ್ ಎತ್ತಿದರೆ ದೊಡ್ಡದು. ಮೂವತ್ತು ಗಂಟೆ ಬೇಕು, ಅದೂ ಈಗಲೇ ಮಳೆ ನಿಂತರೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, "ಇರಲಿ, ಶುರು ಮಾಡುವ" ಎಂದು ಪಂಪನ್ನೂ ಬ್ಯಾಟರಿಯನ್ನೂ ಎತ್ತಿಕೊಂಡು ಹೋದರು.

ಸೆಪ್ಟೆಂಬರಿನಲ್ಲಿ ಭಾವ ದೋಣಿಯನ್ನು ಹೊಳೆಗೆ ಒಯ್ದರು. ಬೂಚು ಹಾಕಿದ್ದೀರಾ ಎಂದು ಅಮ್ಮ ಫೋನು ಮಾಡಿ ಕೇಳಿಯೂ ಕೇಳಿದರು. ಬ್ಯಾಟರಿ ವಾಪಸು ಬಂದಿದೆ. ಪಂಪು ಇನ್ನೂ ಸೆಕ್ರೆಟರಿಯವರ ಹತ್ತಿರವೇ ಉಂಟು. ಲಿಫ್ಟಿನ ಗುಂಡಿಗೆ ಅದು ಬಹಳ ಚೆನ್ನಾಗಿ ಆಗುತ್ತದಂತೆ.